ಆಸ್ಪತ್ರೆ ಅಂತ ಬರೆದಿದ್ದ ಗಾಡಿ

ಕನಕಪುರದ ಜಯಕುಮಾರ್ ತನ್ನ ಪಿಕಪ್ಪಿನಲ್ಲಿ ರೇಷ್ಮೆಗೂಡು, ಟೊಮೆಟೊ, ಮದುವೆಯ ಶಾಮಿಯಾನ ಎಲ್ಲ ಸಾಗಿಸಿದ್ದ. ಆದರೆ 2007ರ ಬೇಸಿಗೆಯಲ್ಲಿ ಹಾರೋಹಳ್ಳಿ ಕಡೆಯ ಹೊಸ ಕಾರ್ಖಾನೆಯವರು ತೋರಿಸಿದಂಥ ಗಾಡಿಯನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಎರಡೇ ಗಾಲಿಗಳ ಮೇಲೆ ಒಂದು ಪುಟ್ಟ ಮನೆ. ಕಿಟಕಿಗೆ ಪರದೆ, ಒಳಗೆ ಮಂಚ, ಪಾತ್ರೆ ತೊಳೆಯಲು ತೊಟ್ಟಿ ಕೂಡ ಇತ್ತು. ಹೊರದೇಶದಿಂದ ಬಂದಿದ್ದ ಇಂಜಿನಿಯರೊಬ್ಬರು ಹೆಂಡತಿ ಮಕ್ಕಳ ಜೊತೆ ಊರೂರು ಸುತ್ತಲು ತರಿಸಿಕೊಂಡಿದ್ದರಂತೆ. ಅವರು ವಾಪಸ್ಸು ಹೋದ ಮೇಲೆ ಷೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಈಗ ಅದಕ್ಕೆ ಬಿಳಿ ಬಣ್ಣ ಹೊಡೆದು, ‘ಉಚಿತ ಸಂಚಾರಿ ಆಸ್ಪತ್ರೆ’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು.

“ಪ್ರತಿ ಮಂಗಳವಾರ ದೊಡ್ಡಆಲಹಳ್ಳಿಗೆ ಎಳ್ಕೊಂಡು ಹೋಗ್ಬೇಕು, ಸಾಯಂಕಾಲ ವಾಪಸ್ ತರ್ಬೇಕು,” ಎಂದರು ಕಾರ್ಖಾನೆಯ ಅಧಿಕಾರಿ ಉದಯಶಂಕರ್.

ಜಯಕುಮಾರ್ ಪಿಕಪ್ಪಿನ ಹಿಂದೆ ಗಟ್ಟಿಯಾದ ಕೊಂಡಿಯೊಂದನ್ನು ವೆಲ್ಡ್ ಮಾಡಿಸಿದ. ಕೊಂಡಿ ತಪ್ಪಿದರೂ ಗಾಡಿ ಕೈಬಿಡಬಾರದೆಂದು ಎರಡು ಸರಪಳಿ ಹಾಕಿಸಿದ. ಗಾಲಿಮನೆಯನ್ನು ಹಿಂದಕ್ಕೆ ತಳ್ಳುವುದೇ ದೊಡ್ಡ ವಿದ್ಯೆಯಾಗಿತ್ತು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತಿತ್ತು. ಒಂದಿಡೀ ಭಾನುವಾರ ಸಂತೆಮಾಳದಲ್ಲಿ ಒದ್ದಾಡಿ ಅದನ್ನೂ ಕಲಿತ. ಆಸ್ಪತ್ರೆ ಎಳೆಯುವ ಕೆಲಸವೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಮೊದಲ ಮಂಗಳವಾರ ಗಾಲಿಮನೆ ನಿಜಕ್ಕೂ ಭಾರವಿತ್ತು. ಔಷಧಿಯ ಪೆಟ್ಟಿಗೆಗಳು, ಆಕ್ಸಿಜನ್ ಸಿಲಿಂಡರು, ಕಬ್ಬಿಣದ ಬೀರು. ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಏರು ಬಂದ ಕಡೆಯಲ್ಲೆಲ್ಲ ಎರಡನೇ ಗೇರಿಗೆ ಇಳಿಸಬೇಕಾಯಿತು. ದೊಡ್ಡಆಲಹಳ್ಳಿಯ ಶಾಲೆಯ ಮುಂದೆ ಟೇಪು ಕತ್ತರಿಸಿ, ಭಾಷಣ ಮುಗಿಸಿದ ಮೇಲೆ ಡಾಕ್ಟರು ಇಪ್ಪತ್ತು ಜನರನ್ನು ನೋಡಿದರು. ಕೊನೆಗೆ ಬಂದವಳು ಚಿಕ್ಕಲಕ್ಷ್ಮಮ್ಮ. ಅರವತ್ತು ದಾಟಿದ, ಇನ್ನೂ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಹೆಂಗಸು. ಕಾಲ್ಬೆರಳ ಸಂದಿಯಲ್ಲಿ ಗಾಯ, ರಕ್ತದಲ್ಲಿ ಸಕ್ಕರೆ. ಅವಳು ಕನಕಪುರದ ದೊಡ್ಡಾಸ್ಪತ್ರೆಗೆ ಹೊರಟಿದ್ದಳು.

“ಅಲ್ಲಿಗ್ಯಾಕಮ್ಮ? ವಾರವಾರ ನಾವೇ ಬಂದು ಬ್ಯಾಂಡೇಜು ಕಟ್ತೀವಿ,” ಎಂದರು ಉದಯಶಂಕರ್. ಅವಳು ನಂಬಿದಳು.

ಎರಡನೇ ಮಂಗಳವಾರ ಕಾರ್ಖಾನೆ ಗೇಟಿನ ಮುಂದಿನ ಹಂಪು ದಾಟುವಾಗಲೇ ಜಯಕುಮಾರ್‌ಗೆ ಗೊತ್ತಾಯಿತು. ಹಿಂದಿನಿಂದ ಎಳೆತವೇ ಇರಲಿಲ್ಲ. ಗಾಲಿಮನೆ ಖಾಲಿ ಡಬ್ಬದ ಹಾಗೆ ಎಗರಿ ಬಿತ್ತು. ರಸ್ತೆಯಲ್ಲಿ ಒಸಿ ಜೋರು ಹೊಡೆದರೆ ಹಿಂದೆ ಬಾಲ ಆಡಿಸತೊಡಗಿತು. ಅವನು ಪಕ್ಕಕ್ಕೆ ನಿಲ್ಲಿಸಿ ಫೋನು ಮಾಡಿದ.

“ಸಾರ್, ಒಳಗೆ ಏನೂ ಇದ್ದಂಗಿಲ್ಲ?”

“ಅದೆಲ್ಲ ನಿನಗ್ಯಾಕೆ? ನೀನು ಎಳಿ.”

ಎಳೆದ. ಉದಯಶಂಕರ್ ಕಾರಿನಲ್ಲಿ ಬಂದು, ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕಂಪನಿಯ ವರದಿಗೆಂದು ಫೋಟೋ ತೆಗೆದುಕೊಂಡು, “ಡಾಕ್ಟರಿಗೆ ಮೀಟಿಂಗು, ಮುಂದಿನ ವಾರ,” ಎಂದು ಹೊರಟುಹೋದರು. ಮೂರನೇ ವಾರವೂ ಅದೇ ಮಾತು. ಜಯಕುಮಾರ್ ಗಾಲಿಮನೆಯ ನೆರಳಿನಲ್ಲಿ ಬೀಡಿ ಸೇದುತ್ತ ಕುಳಿತಿದ್ದ. ಹೆಂಗಸರ ಮುಖ ನೋಡಲಾಗದೆ ಟೈರುಗಳನ್ನು ನೋಡುತ್ತಿದ್ದ.

ನಾಲ್ಕನೇ ವಾರ ಚಿಕ್ಕಲಕ್ಷ್ಮಮ್ಮ ನಡೆದು ಬರಲಿಲ್ಲ. ಸೊಸೆ ಲತಾಮಣಿ ಹೆಗಲು ಕೊಟ್ಟು ಕರೆತಂದಳು. ಕಾಲಿಗೆ ಹಳೆ ಪಂಚೆಯ ಬಟ್ಟೆ ಸುತ್ತಿತ್ತು. ಹತ್ತಿರ ಬಂದರೆ ಕೊಳೆತ ವಾಸನೆ.

“ಬಂದ್ರಾ, ಸರಿಯಾಯ್ತು,” ಎಂದರು ಉದಯಶಂಕರ್. ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲನ್ನು ಅರ್ಧ ತೆರೆದು, ಮುದುಕಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಕೈಗೊಂದು ಮಾತ್ರೆಯ ಡಬ್ಬ ಕೊಟ್ಟರು. “ಕಾಲಿನ ಮೇಲೆ ಸೆರಗು ಮುಚ್ಕೊಳಮ್ಮ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಒಸಿ ನಗು.”

ಚಿಕ್ಕಲಕ್ಷ್ಮಮ್ಮ ನಗಲಿಲ್ಲ. ತಿರುಗಿ ಒಳಗೆ ನೋಡಿದಳು. ಬೀರು ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ. ಮಂಚವೂ ಇರಲಿಲ್ಲ. ಬರೀ ಹಲಗೆ ನೆಲ. ಕೈಯಲ್ಲಿದ್ದ ಡಬ್ಬ ಅಲ್ಲಾಡಿಸಿದಳು. ಸದ್ದೇ ಬರಲಿಲ್ಲ.

“ಇದ್ರೊಳಗೂ ಏನಿಲ್ವಲ್ಲಪ್ಪ,” ಎಂದಳು.

ಜಯಕುಮಾರ್ ಬೀಡಿ ಎಸೆದ. ಎದ್ದು ಹೋದವನೇ ಕ್ಯಾಮೆರಾದ ಮುಂದೆ ನಿಂತ.

“ತೆಗೀರಿ ಸಾರ್, ನಂದೂ ಒಂದು ತೆಗೀರಿ. ಬರೀ ಡಬ್ಬ ಎಳ್ಕೊಂಡು ಬಂದ್ನಲ್ಲ, ಈ ನಾಟಕದಲ್ಲಿ ನಂಗೂ ಬತ್ತದೆ ಪಾಲು!”

“ಏಯ್, ಬಾಯಿ ಮುಚ್ಚಿ ಗಾಡಿ ಹತ್ತಿರ ಹೋಗು.”

“ಗಾಡಿ ಹತ್ರಕ್ಕೇ ಹೋಯ್ತೀನಿ.”

ಅವನು ಗಾಲಿಮನೆಯ ಮುಂದೆ ಮೇಲಕ್ಕೆತ್ತಿಟ್ಟಿದ್ದ ಆಸರೆಯ ಪುಟ್ಟ ಗಾಲಿಯನ್ನು ನೆಲಕ್ಕಿಳಿಸಿದ. ಟೈರುಗಳಿಗೆ ಕಲ್ಲು ಕೊಟ್ಟ. ಸರಪಳಿ ಬಿಚ್ಚಿ, ಕೊಂಡಿ ಕಳಚಿದ. ಪಿಕಪ್ಪನ್ನು ಮೆಟ್ಟಿಲ ಹತ್ತಿರಕ್ಕೆ ತಂದು, ಲತಾಮಣಿಯ ಜೊತೆ ಸೇರಿ ಚಿಕ್ಕಲಕ್ಷ್ಮಮ್ಮನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ.

“ಇದನ್ನ ಯಾರು ಎಳೀತಾರೆ?” ಎಂದು ಕೂಗಿದರು ಉದಯಶಂಕರ್.

“ನಿಮ್ಮ ಕಾರಿಗೇ ಕಟ್ಕೊಳ್ಳಿ. ಭಾರ ಏನಿಲ್ಲ.”

ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, ಯಾಕೆ ಇಷ್ಟು ದಿನ ಬಿಟ್ಟಿರಿ ಎಂದು ಬೈದರು. ಎರಡು ಬೆರಳು ತೆಗೆಯಬೇಕು, ಪಾದ ಉಳಿಸಲು ಪ್ರಯತ್ನಿಸುತ್ತೇವೆ ಎಂದರು. ಹೊರಗಿನ ಬೆಂಚಿನ ಮೇಲೆ ಲತಾಮಣಿ ಅಳುತ್ತಿರಲಿಲ್ಲ. ಜಯಕುಮಾರ್‌ನನ್ನೇ ದಿಟ್ಟಿಸುತ್ತಿದ್ದಳು.

“ಅಣ್ಣ, ನಿಂಗೆ ಯಾವತ್ತು ಗೊತ್ತಾಯ್ತು, ಅದು ಖಾಲಿ ಅಂತ?”

ಸುಳ್ಳು ಹೇಳಬಹುದಿತ್ತು. “ಎರಡ್ನೇ ವಾರಾನೇ,” ಎಂದ.

“ಅವತ್ತೇ ಒಂದು ಮಾತು ಹೇಳಿದ್ರೆ ಬಸ್ಸಲ್ಲಿ ಕರ್ಕೊಂಡು ಬಂದ್ಬುಡ್ತಿದ್ದೆ.” ಅಷ್ಟು ಹೇಳಿ ಅವಳು ಮುಖ ತಿರುಗಿಸಿಕೊಂಡಳು. ಉದಯಶಂಕರ್ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೇ ತಿರುಗಿಬಿದ್ದಂತಾಯಿತು ಜಯಕುಮಾರ್‌ಗೆ.

ಮರುದಿನ ಕಂಪನಿಯವರು, ಡ್ರೈವರ್ ಆಸ್ಪತ್ರೆ ಗಾಡಿಯನ್ನು ಊರ ನಡುವೆ ಬಿಟ್ಟು ಓಡಿಹೋದ ಎಂದು ಠಾಣೆಗೆ ದೂರು ಕೊಟ್ಟರು. ಗಾಲಿಮನೆಯನ್ನು ಎಳೆದೊಯ್ಯಲು ಟ್ರ್ಯಾಕ್ಟರನ್ನೂ ಕಳಿಸಿದರು. ಆದರೆ ಊರಿನ ಹೆಂಗಸರು ಗಾಲಿಗಳ ಮುಂದೆ ಹೋಗಿ ಕುಳಿತುಬಿಟ್ಟಿದ್ದರು. ದೂರಿನ ವಿಚಾರಣೆಗೆ ಜಯಕುಮಾರ್‌ನನ್ನೂ ಕರೆದುಕೊಂಡು ಬಂದ ಸಬ್ ಇನ್ಸ್‌ಪೆಕ್ಟರು, ಏನು ಗಲಾಟೆ ಎಂದು ಕೇಳಿದರು.

“ಸ್ವಾಮಿ, ಬೀಗ ತೆಗ್ಸಿ ನೋಡಿ. ಆಸ್ಪತ್ರೆ ಸಿಕ್ಕಿದ್ರೆ ನಮ್ಮನ್ನ ಒಳಗೆ ಹಾಕಿ,” ಎಂದಳು, ಬೆಳಗಿನ ಬಸ್ಸಿಗೆ ಆಸ್ಪತ್ರೆಯಿಂದ ಬಂದಿದ್ದ ಲತಾಮಣಿ.

ಟ್ರ್ಯಾಕ್ಟರಿನ ಹಿಂದೆಯೇ ಬಂದಿದ್ದ ಉದಯಶಂಕರ್ ಬೀಗದ ಕೈ ಆಫೀಸಿನಲ್ಲಿದೆ ಎಂದರು. ಸಬ್ ಇನ್ಸ್‌ಪೆಕ್ಟರು ಪರದೆಯ ಸಂದಿಯಿಂದ ಇಣುಕಿ ನೋಡಿ, ದೂರಿನ ಹಾಳೆ ಮಡಿಚಿ ಅವರ ಕೈಗೇ ಕೊಟ್ಟರು. “ಮೊದ್ಲು ಡಾಕ್ಟರನ್ನ ಕರೆಸ್ರಿ. ಆಮೇಲೆ ಗಾಡಿ ಒಯ್ಯಿರಿ.”

ಗುರುವಾರ ಡಾಕ್ಟರು ಬಂದರು, ಔಷಧಿಯ ಪೆಟ್ಟಿಗೆಗಳೂ ಬಂದವು. ಮಳೆಗಾಲ ಮುಗಿಯುವವರೆಗೆ ವಾರವಾರ ಬಂದರು. ದಸರಾ ಕಳೆದ ಮೇಲೆ ನಿಂತುಹೋಯಿತು. ಜಯಕುಮಾರ್‌ಗೆ ಕಾರ್ಖಾನೆಯ ಕೆಲಸ ಅವತ್ತೇ ತಪ್ಪಿತ್ತು. ಅವನು ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡಿನ ಲೋಡು ಹೊಡೆಯುವುದಕ್ಕೆ ವಾಪಸ್ಸಾದ. ಚಿಕ್ಕಲಕ್ಷ್ಮಮ್ಮನ ಪಾದ ಉಳಿಯಿತು. ತಿಂಗಳಿಗೊಮ್ಮೆ ಅವಳು ಆಸ್ಪತ್ರೆಗೆ ಹೋಗುವ ದಿನ ಅವನು ಹೇಳಿಸಿಕೊಳ್ಳದೆಯೇ ಅವಳ ಮನೆ ಮುಂದೆ ಪಿಕಪ್ಪು ನಿಲ್ಲಿಸುತ್ತಿದ್ದ. ಲತಾಮಣಿ ಅತ್ತೆಯನ್ನು ಹತ್ತಿಸಿ ತಾನೂ ಹತ್ತುತ್ತಿದ್ದಳು. ಅವನೊಡನೆ ಮಾತಾಡಲು ಅವಳು ಇನ್ನೂ ಐದಾರು ತಿಂಗಳು ತೆಗೆದುಕೊಂಡಳು.