ಭರಣಿಯ ತಳ ಹಿಡಿದ ಹೂವು

ನೀರು ಕದಡಿದರೆ ಅದು ಮರಳಿನೊಳಗೆ ಇಳಿದುಬಿಡುತ್ತಿತ್ತು. ಊಟದ ತಟ್ಟೆಯಷ್ಟು ಅಗಲಕ್ಕೆ ಅರಳಿಕೊಂಡಿದ್ದದ್ದು, ನೋಡುನೋಡುತ್ತಿದ್ದಂತೆ ತನ್ನ ಎಸಳುಗಳನ್ನೆಲ್ಲ ಬಾಚಿಕೊಂಡು ಕೆಳಗೆ ಜಾರುತ್ತಿತ್ತು. ಅದಿದ್ದ ಜಾಗದಲ್ಲಿ ಬೆರಳಿನಿಂದ ಒತ್ತಿದಂಥ ಒಂದು ಗುಳಿ ಮಾತ್ರ ಉಳಿಯುತ್ತಿತ್ತು. ಮತ್ತೆ ಮೇಲೆ ಬರಬೇಕಾದರೆ ಅದಕ್ಕೇ ಮನಸ್ಸಾಗಬೇಕು. ನಮ್ಮವರು ಗಾಜಿನ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕಾಯುತ್ತಿದ್ದರು. "ಅದಕ್ಕೆ ಸಿಟ್ಟಲ್ಲ, ಹೆದರಿಕೆ. ಸ್ವಲ್ಪ ಹೊತ್ತು ನಾವು ಇಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಕೂತ್ಕೋಬೇಕು" ಎನ್ನುತ್ತಿದ್ದರು. ನಾನು ಇನ್ನೊಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ.

ಅದು ಹೂವಲ್ಲ, ಪ್ರಾಣಿ. ಕಡಲ ತಳದ ಮರಳಿನಲ್ಲಿ ಬುಡ ಹೂತು, ಮುಖ ಮಾತ್ರ ಮೇಲಿಟ್ಟುಕೊಂಡು ಬದುಕುವಂಥದ್ದು. ಮನೆಯಲ್ಲಿ ನಾವು ಕಡಲಹೂ ಎನ್ನುತ್ತಿದ್ದೆವು. ನಮ್ಮವರಿಗೆ ಬಂದರಿನಲ್ಲಿ ಬಲೆ ಹೆಣೆಯುವ ಕೆಲಸ. ಒಂದು ಹಬ್ಬದ ಹಿಂದಿನ ದಿನ ಯಾರದೋ ಬಲೆಗೆ ಒಡೆದ ಉಪ್ಪಿನಕಾಯಿ ಭರಣಿಯ ತಳ ಸಿಕ್ಕಿಬಿದ್ದಿತ್ತಂತೆ. ಅದರೊಳಗೆ ಈ ಜೀವ ಬುಡ ಕಚ್ಚಿ ಕೂತಿತ್ತು. ಬಿಡಿಸಿ ಎಸೆಯಲು ಹೊರಟವರನ್ನು ತಡೆದು, ಭರಣಿಯ ತಳ ಸಮೇತ ಬಕೆಟ್ಟಿನಲ್ಲಿಟ್ಟುಕೊಂಡು ಮನೆಗೆ ಬಂದರು.

"ಹಬ್ಬಕ್ಕೆ ಸೀರೆ ತನ್ನಿ ಅಂದ್ರೆ ಇದನ್ನು ತಂದ್ರಾ?" ಎಂದೆ.

"ಇದರಲ್ಲೂ ನೆರಿಗೆ ಉಂಟಲ್ಲ, ನೋಡು" ಎಂದರು.

ಅದನ್ನು ಬದುಕಿಸುವುದು ಹೇಗೆಂದು ನಮಗೆ ಹೇಳಿಕೊಟ್ಟವರಿಲ್ಲ. ನೋಡುತ್ತ ನೋಡುತ್ತ ಕಲಿತೆವು. ತೊಟ್ಟಿಗೆ ಕಡಲ ನೀರು ತುಂಬಬೇಕು, ತಳದಲ್ಲಿ ಗೇಣುದ್ದ ಮರಳು ಬೇಕು, ಇಲ್ಲದಿದ್ದರೆ ಅದಕ್ಕೆ ಇಳಿಯಲು ಜಾಗವಿಲ್ಲ. ಬುಡ ಕತ್ತಲಲ್ಲಿರಬೇಕು, ಮುಖಕ್ಕೆ ಬೆಳಕು ಧಾರಾಳ ಬೀಳಬೇಕು. ಅದಕ್ಕಾಗಿ ಕಿಟಕಿಯ ಪಕ್ಕದಲ್ಲಿಟ್ಟು ಮೇಲೊಂದು ಟ್ಯೂಬ್‌ಲೈಟ್ ಕಟ್ಟಿದೆವು. ಗಾಳಿಯ ಪಂಪು ಸದಾ ಗುಳುಗುಳು ಎನ್ನುತ್ತಿರಬೇಕು. ಸಿಗಡಿಯನ್ನು ಸಣ್ಣಗೆ ಹೆಚ್ಚಿ, ತೊಳೆದು, ಬಿದಿರು ಕಡ್ಡಿಯ ತುದಿಯಿಂದ ಎಸಳಿಗೆ ಮುಟ್ಟಿಸಬೇಕು; ಹೆಚ್ಚು ಕೊಟ್ಟರೆ ಉಗುಳಿ ನೀರು ಕೆಡಿಸುತ್ತದೆ. ನಡುವೆ ಇರುವ ಬಾಯಿ ಬಿಗಿಯಾಗಿ ಮುಚ್ಚಿದ್ದರೆ ಆರೋಗ್ಯ, ಜೋತುಬಿದ್ದು ತೆರೆದುಕೊಂಡಿದ್ದರೆ ಅಪಾಯ. ಎಲ್ಲಕ್ಕಿಂತ ಮುಖ್ಯವಾದದ್ದು, ಬುಡವನ್ನು ಎಳೆಯಬಾರದು. ಹರಿದರೆ ಅದು ಉಳಿಯುವುದಿಲ್ಲ. ಜಾಗ ಬದಲಿಸಬೇಕಾದರೆ ಅದು ಹಿಡಿದಿರುವುದರ ಸಮೇತ ಎತ್ತಬೇಕು. ನಮ್ಮದು ಭರಣಿಯ ತಳವನ್ನು ಹಿಡಿದದ್ದು ಹಿಡಿದೇ ಇತ್ತು. ಮರಳಿನ ಮೇಲೆ ಆ ಭರಣಿಯ ಅಂಚು ಸಣ್ಣ ಬಿಳಿ ಬಳೆಯ ಹಾಗೆ ಕಾಣುತ್ತಿತ್ತು.

ನಮ್ಮವರು ಜ್ವರದಲ್ಲಿ ತೀರಿಕೊಂಡರು. ಹಾಸಿಗೆ ಹಿಡಿಯುವ ಹಿಂದಿನ ದಿನವೂ ಕಡ್ಡಿ ಹಿಡಿದು ಅದಕ್ಕೆ ತಿನಿಸಿದ್ದರು. ಅವರ ಅಂಗಿಗಳನ್ನು ಹಂಚಿದೆ, ಬಲೆ ಹೆಣೆಯುವ ಮರದ ಸೂಜಿಗಳನ್ನು ಕೇಳಿದವರಿಗೆ ಕೊಟ್ಟೆ. ಅವೆಲ್ಲ ವಸ್ತುಗಳು. ಅವರ ಕೈ ಗೊತ್ತಿದ್ದ ಜೀವವೆಂದು ಆ ಮನೆಯಲ್ಲಿ ನನ್ನ ಜೊತೆ ಉಳಿದದ್ದು ಇದೊಂದೇ. ಸಂಜೆ ಮಣೆ ಹಾಕಿಕೊಂಡು ಅದರ ಮುಂದೆ ಕೂತು ಅವರ ವಿಷಯ ಮಾತಾಡುತ್ತಿದ್ದೆ. ಕೇಳಿಸಿಕೊಳ್ಳುತ್ತದೆಂಬ ಭ್ರಮೆ ನನಗಿರಲಿಲ್ಲ. ಆದರೂ ಗೋಡೆಗೆ ಹೇಳುವುದಕ್ಕೂ ಅದಕ್ಕೆ ಹೇಳುವುದಕ್ಕೂ ವ್ಯತ್ಯಾಸವಿತ್ತು.

ಅವರ ಮಣೆಯ ಮೇಲೆ ಆಮೇಲೆ ಕೂತವಳು ಜಲಜಾಕ್ಷಿ. ಪಕ್ಕದ ಮನೆಯವಳು, ನನಗಿಂತ ಚಿಕ್ಕವಳು. ನಾವಿಬ್ಬರೂ ಸೇರಿ ಉಪ್ಪಿನಕಾಯಿ ಹಾಕಿ ಪೇಟೆಯ ಅಂಗಡಿಗಳಿಗೆ ಕೊಡುತ್ತಿದ್ದೆವು. ಕಾಯಿ ಆರಿಸುವುದು, ಮಸಾಲೆ ಹುರಿಯುವುದು ನನ್ನ ಕೆಲಸ. ಉಪ್ಪುನೀರಿನ ಹದ ಅವಳದು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರೆ ಸಾಕು, ಒಂದು ಚಿಟಿಕೆ ಹೆಚ್ಚೋ ಕಡಿಮೆಯೋ ಹೇಳಿಬಿಡುತ್ತಿದ್ದಳು. ಅವಳು ಸರಿ ಎಂದ ಮೇಲೆ ನಾನು ರುಚಿ ನೋಡಿದವಳಲ್ಲ.

ಮಗಳು ವನಿತಾಳ ಹೆರಿಗೆ ಹತ್ತಿರ ಬಂದಾಗ, ಪ್ರಯಾಣ ಮಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ನಾನೇ ಅವಳ ಊರಿಗೆ ಹೋಗಬೇಕಾಯಿತು. ಬಾಣಂತನ ಮುಗಿಸಿಕೊಂಡೇ ಬರುವುದು. ಆಗ ಕಡು ಬೇಸಿಗೆ. ಕೀಲಿಕೈ ಜಲಜಳ ಕೈಗಿಟ್ಟು ಹೇಳಿದೆ:

"ತೊಟ್ಟಿ ನೀರು ಈ ಗೆರೆಗಿಂತ ಕೆಳಗೆ ಹೋದ್ರೆ ನಿನ್ನ ಬಾವಿಯ ಸಿಹಿನೀರು ಹಾಕು, ನಿಧಾನಕ್ಕೆ. ಕಡಲ ನೀರು ಹಾಕ್ಬೇಡ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿರ್ತದೆ."

"ನನಗೇ ಉಪ್ಪಿನ ಪಾಠ ಹೇಳ್ತೀರಾ ಅಕ್ಕ?" ಎಂದು ನಕ್ಕಳು. "ಹೋಗಿ ಬನ್ನಿ. ನಿಮ್ಮ ಹೂವಿಗೆ ಶೀತ ಆದ್ರೆ ಕಷಾಯ ಮಾಡಿ ಕುಡಿಸ್ತೇನೆ."

ನಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತಿತ್ತು. ಅವಳ ಬಾವಿ ಸ್ವಲ್ಪ ಎತ್ತರದಲ್ಲಿತ್ತು, ಅದರ ನೀರು ವರ್ಷವಿಡೀ ಸಿಹಿ. ಹಾಗಾಗಿ ಪ್ರತಿ ಬೇಸಿಗೆಯಲ್ಲಿ ಕಡಲಹೂವಿಗೆ ನೀರು ಅವಳ ಮನೆಯಿಂದಲೇ ಬರುತ್ತಿತ್ತು.

ಮಗಳ ಮನೆಯಲ್ಲಿ ಮೊಮ್ಮಗುವಿನ ಎಣ್ಣೆ ನೀರಿನ ಗಡಿಬಿಡಿಯಲ್ಲಿ ದಿನ ಹೋದದ್ದು ತಿಳಿಯಲಿಲ್ಲ. ಒಂದು ಮಧ್ಯಾಹ್ನ ವನಿತಾ ಫೋನಿನಲ್ಲಿ ಯಾರೊಂದಿಗೋ ಮಾತಾಡಿ ಬಂದು ನನ್ನ ಪಕ್ಕದಲ್ಲಿ ಕೂತಳು.

"ಜಲಜಕ್ಕ ಮಾಡಿದ್ದು. ನಿನ್ನ ಹೂವು ಆರಾಮುಂಟಂತೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮ, ಅದು ಎಷ್ಟು ಅಗಲ ಉಂಟು ಈಗ? ತುದಿಯ ಬಣ್ಣ ಎಂಥದ್ದು? ನಾನು ನೋಡದೆ ಎಷ್ಟು ಕಾಲವಾಯ್ತು" ಎಂದು ಕೇಳಿದಳು.

ಎಂದೂ ಅದರ ಕಡೆ ತಿರುಗಿ ನೋಡದ ಹುಡುಗಿ. ತಾಯಿಯಾದ ಮೇಲೆ ಮನಸ್ಸು ಮೆತ್ತಗಾಗಿದೆ ಎಂದುಕೊಂಡೆ. ಅಗಲ, ಕಂದು ಮೈ, ಎಸಳ ತುದಿಯ ನೇರಳೆ ಛಾಯೆ, ಬಾಯಿಯ ಸುತ್ತಲಿನ ಬಿಳಿ ಗೆರೆ, ಎಲ್ಲವನ್ನೂ ಸಂಭ್ರಮದಿಂದ ವರ್ಣಿಸಿದೆ. ಅವಳು ಮಗುವಿನ ತಲೆ ಸವರುತ್ತ ಗಮನವಿಟ್ಟು ಕೇಳಿದಳು.

ನಾನು ಮರಳಿ ಬಂದಾಗ ಮನೆ ಗುಡಿಸಿ ಒರೆಸಿ ಇಟ್ಟಿತ್ತು. ತೊಟ್ಟಿಯ ನೀರು ಸ್ಫಟಿಕದಂತಿತ್ತು. "ನೀರು ಸ್ವಲ್ಪ ವಾಸನೆ ಬಂತು ಅಕ್ಕ, ಪೂರ್ತಿ ಬದಲಾಯಿಸಿದೆವು" ಎಂದಳು ಜಲಜ. ಬಿಳಿ ಬಳೆಯ ನಡುವೆ ಹೂವು ಅರಳಿ ನಿಂತಿತ್ತು, ಮೊದಲಿಗಿಂತ ತುಸು ದೊಡ್ಡದಾಗಿ.

"ಸಿಗಡಿ ತಿಂದು ಕೊಬ್ಬಿದೆ" ಎಂದಳು.

ಕಡ್ಡಿಯ ತುದಿಯಲ್ಲಿ ತಿನಿಸು ಹಿಡಿದೆ. ಮುಟ್ಟಲಿಲ್ಲ, ಸರ್ರನೆ ಮರಳಿಗೆ ಇಳಿದುಬಿಟ್ಟಿತು. ಮಾರನೆಯ ದಿನವೂ ಹಾಗೆಯೇ.

"ಬಿಟ್ಟು ಹೋದಿರಲ್ಲ, ನಿಮ್ಮ ಮೇಲೆ ಮುನಿಸು ಅದಕ್ಕೆ" ಎಂದಳು ಜಲಜ, ಪಕ್ಕದ ಮಣೆಯಲ್ಲಿ ಕೂತು.

ನಾನು ಆ ಗುಳಿಯ ಮುಂದೆ ಬಾಗಿ, "ಮೊಮ್ಮಗು ಹುಟ್ಟಿತು ಮಾರಾಯ, ಅದಕ್ಕೇ ಹೋಗಿದ್ದು. ಅವರಿದ್ದಿದ್ದರೆ ಅವರೂ ಬರ್ತಿದ್ದರು" ಎಂದು ಸಮಾಧಾನ ಹೇಳಿದೆ. ಕೆಲವು ದಿನಗಳಲ್ಲಿ ಅದು ತಿನ್ನತೊಡಗಿತು. ಮುನಿಸು ಇಳಿಯಿತು ಎಂದು ನಾನು ಹಿಗ್ಗಿದೆ. ಆ ಮಳೆಗಾಲವಿಡೀ ನಾವಿಬ್ಬರೂ ಸಂಜೆ ಅದರ ಮುಂದೆ ಕೂತದ್ದುಂಟು. ಅವರು ಮೊದಲ ಸಲ ತಿನಿಸಿದಾಗ ಬೆರಳು ಚುರುಗುಟ್ಟಿದ್ದು, ನೆರಿಗೆಯ ಮಾತು, ಎಲ್ಲ ಹೇಳುತ್ತಿದ್ದೆ. "ಈ ಎಸಳು ಅವರ ಬೆರಳು ಮುಟ್ಟಿದ್ದು ಜಲಜ" ಎನ್ನುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು.

ಮಳೆ ನಿಂತ ಮೇಲೆ ತೊಟ್ಟಿಯ ಮೂಲೆಯಿಂದ ನೀರು ಜಿನುಗಲು ಶುರುವಾಯಿತು. ಹೊಸ ತೊಟ್ಟಿ ಮಾಡಿಸಿ ತಂದೆ. ಹೂವನ್ನು ಭರಣಿಯ ತಳ ಸಮೇತ ಎತ್ತಿ ಅದಕ್ಕೆ ಸಾಗಿಸಬೇಕು. ನಾನು ಸೆರಗು ಸಿಕ್ಕಿಸಿ, ಕೈಯ ಎಣ್ಣೆ ಹೋಗುವ ಹಾಗೆ ತೊಳೆದು ಬರುವಷ್ಟರಲ್ಲಿ ಜಲಜ ತೊಟ್ಟಿಗೆ ಅಡ್ಡ ನಿಂತಿದ್ದಳು.

"ನೀವು ಬಿಡಿ ಅಕ್ಕ, ಸೊಂಟ ಹಿಡೀತದೆ. ನಾನು ಮಾಡ್ತೇನೆ."

"ಅದು ಅಭ್ಯಾಸದ ಕೆಲಸ ಮಾರಾಯ್ತಿ. ನೀನು ಬಕೆಟ್ಟು ಹಿಡಿ."

"ವಾಸುವನ್ನು ಕರೀತೇನೆ. ಅವನು ಬಂದು ಎತ್ತಿ ಇಡ್ತಾನೆ."

ವಾಸು ಅವಳ ತಮ್ಮ, ಮೀನಿನ ದೋಣಿಯವನು. ಅವನಿಗೆ ಇದರ ಹದ ಏನು ಗೊತ್ತು ಎಂದು ನಾನು ಕೈ ಇಳಿಸಿಯೇಬಿಟ್ಟೆ. ಸುತ್ತಲಿನ ಮರಳು ಸರಿಸಿ ಭರಣಿಯ ತಳವನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿದೆ. ಒಂದು ಕಡೆ ವಾಲಿತು. ಒಳಗಿನ ಮರಳು ಜಾರಿತು, ಅದರ ಜೊತೆ ಹೂವೂ ಜಾರಿ ಹೊರಗೆ ಬಂತು. ಭರಣಿಯ ತಳ ನನ್ನ ಕೈಯಲ್ಲಿ ಖಾಲಿ ಉಳಿಯಿತು.

ಹರಿದೇಹೋಯಿತೆಂದು ಬಾಗಿ ನೋಡಿದೆ. ಹರಿದಿರಲಿಲ್ಲ. ಅದರ ಬುಡ ಒಂದು ಕಪ್ಪೆಚಿಪ್ಪನ್ನು ಗಟ್ಟಿಯಾಗಿ ಹಿಡಿದಿತ್ತು. ಜಾಗ ಹಿಡಿಸದಿದ್ದರೆ ಕಡಲಹೂ ಬುಡ ಬಿಡಿಸಿಕೊಂಡು ಸರಿಯುವುದುಂಟು. ಹಾಗೇ ಆಗಿರಬೇಕು ಎಂದು ನಾನು ನನಗೇ ಹೇಳಿಕೊಂಡೆ. ಆದರೆ ಆ ಚಿಪ್ಪಿಗೆ ಹಸಿರು ನೈಲಾನು ಬಲೆಯ ತುಂಡೊಂದು ಸುತ್ತಿಕೊಂಡಿತ್ತು. ನಮ್ಮವರು ಹೆಣೆದದ್ದೆಲ್ಲ ಹತ್ತಿಯ ಹುರಿಯ ಬಲೆ. ಹಸಿರು ನೈಲಾನು ನಮ್ಮ ಬಂದರಿಗೆ ಬಂದದ್ದೇ ಅವರು ಹೋದ ಮೇಲೆ.

ಹೂವನ್ನು ಚಿಪ್ಪಿನ ಸಮೇತ ಬಕೆಟ್ಟಿನ ನೀರಿಗೆ ಬಿಟ್ಟೆ. ಕೈ ಒರೆಸಿಕೊಂಡು ಜಲಜಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಇದು ಯಾವುದು?" ಎಂದೆ.

"ಅಕ್ಕ, ನಾನು ಕೊಲ್ಲಲಿಲ್ಲ."

"ಇದು ಯಾವುದು ಅಂತ ಕೇಳಿದೆ."

"ವಾಸು ತಂದದ್ದು. ಕಡಲೊಳಗಿನ ಮರಳು ದಿಬ್ಬದ ಆಚೆಯಿಂದ." ಅವಳು ಗೋಡೆಗೆ ಒರಗಿ ಕುಸಿದು ಕೂತಳು. "ಬಿಸಿಲು ಹಾಗಿತ್ತಲ್ಲ, ದಿನಾ ನೀರು ಇಳೀತಿತ್ತು. ಕಡಲಿನ ಜೀವಕ್ಕೆ ಬಾವಿ ನೀರು ಹೇಗೆ ಹಾಕ್ಲಿ ಅಂತ ನನ್ನ ಮನಸ್ಸು ಒಪ್ಲಿಲ್ಲ. ನೀವೂ ಇಲ್ಲ, ಅದು ಬಾಡಿದ ಹಾಗೆ ಕಾಣ್ತಿತ್ತು. ಅದರ ಊರಿನ ನೀರೇ ಕೊಟ್ರೆ ಚೇತರಿಸ್ತದೆ ಅಂತ ದಿನಾ ಕಡಲಿಗೆ ಹೋಗಿ ಹೊತ್ತು ತಂದು ಹಾಕಿದೆ. ಮತ್ತೂ ಸಣ್ಣ ಆಯ್ತು. ಬಾಯಿ ಬಿಡ್ತು. ಒಂದು ಬೆಳಿಗ್ಗೆ ನೋಡಿದ್ರೆ ಲೋಳೆ."

ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದ್ದರೆ ಉಪ್ಪು ಏರಿದ್ದು ಗೊತ್ತಾಗುತ್ತಿತ್ತು. ಊರಿಗೇ ಉಪ್ಪಿನ ಹದ ಹೇಳುವವಳು ತೊಟ್ಟಿಯ ನೀರನ್ನು ಒಂದು ಸಲ ರುಚಿ ನೋಡಲಿಲ್ಲ. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಪ್ರೀತಿಯಿಂದಲೇ ಹೊತ್ತು ತಂದಿದ್ದಳು; ಸೊಂಟದ ಮೇಲೆ ಕೊಡವಿಟ್ಟುಕೊಂಡು ಆ ಬಿಸಿಲಲ್ಲಿ ನಡೆದದ್ದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಸತ್ತದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ.

"ಸತ್ತದ್ದನ್ನು ಎಲ್ಲಿ ಹಾಕಿದೆ?"

"ವಾಸು ದೋಣಿಯಲ್ಲಿ ಕೊಂಡುಹೋಗಿ ಆಳದಲ್ಲಿ ಬಿಟ್ಟ. ಎಲ್ಲೆಂದರಲ್ಲಿ ಎಸೀಲಿಲ್ಲ ಅಕ್ಕ, ದೇವರಾಣೆ."

"ನನಗೆ ಹೇಳ್ಬೇಕಿತ್ತು."

"ಹೇಳ್ಲಿಕ್ಕೇ ಫೋನು ಮಾಡಿದ್ದು." ಅವಳು ಮೊದಲ ಸಲ ತಲೆಯೆತ್ತಿದಳು. "ವನಿತಾ ಎತ್ತಿದ್ಲು. ಅಮ್ಮನಿಗೆ ಹೇಳ್ಬೇಡಿ, ಅಂಥದ್ದೇ ಇನ್ನೊಂದು ತಂದಿಡಿ, ಬಣ್ಣ ಅಗಲ ನಾನು ಕೇಳಿ ಹೇಳ್ತೇನೆ ಅಂದ್ಲು."

ಅಂದರೆ ಗುರುತು ಹೇಳಿಕೊಟ್ಟವಳು ನಾನೇ. ಮಗುವಿನ ತೊಟ್ಟಿಲ ಪಕ್ಕ ಕೂತು, ಬಾಯಿ ತುಂಬ ನಗುತ್ತ, ನನ್ನನ್ನು ಮೋಸ ಮಾಡುವುದಕ್ಕೆ ಬೇಕಾದ್ದನ್ನೆಲ್ಲ ನಾನೇ ಒಂದೊಂದಾಗಿ ಒದಗಿಸಿದ್ದೆ.

ವನಿತಾಳಿಗೆ ಫೋನು ಮಾಡಿದೆ. ಅವಳು ಅಲ್ಲಗಳೆಯಲಿಲ್ಲ. "ಅಪ್ಪ ಹೋದಾಗ ನೀನು ಊಟ ಬಿಟ್ಟು ಮಲಗಿದ್ದೆ. ಮತ್ತೆ ಹಾಗಾದ್ರೆ ನಾನು ಹಸಿ ಬಾಣಂತಿ ಏನು ಮಾಡ್ಲಿ? ನಿನ್ನ ಒಳ್ಳೆಯದಕ್ಕೇ ಅಲ್ವಾ?" ಎಂದಳು.

"ಮಗು ಎದ್ದಿರಬೇಕು, ನೋಡು" ಎಂದು ಫೋನು ಇಟ್ಟೆ.

ಸತ್ತಿದೆ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಗಂಡನನ್ನೇ ಕಳಿಸಿಕೊಟ್ಟವಳಿಗೆ ಅದು ತಡೆಯಲಾಗದ್ದೇನಲ್ಲ. ನನ್ನ ಎದೆಗೆ ಚುಚ್ಚಿದ್ದು ಆ ಮಳೆಗಾಲದ ಸಂಜೆಗಳು. ಅವರು ಎಂದೂ ಮುಟ್ಟದ ಎಸಳನ್ನು ತೋರಿಸಿ ಅವರ ಬೆರಳಿನ ಮಾತಾಡುತ್ತಿದ್ದೆ. ಪಕ್ಕದ ಮಣೆಯಲ್ಲಿ ಅವಳು ತಲೆಯಾಡಿಸುತ್ತಿದ್ದಳು. ದಿಬ್ಬದಾಚೆಯಿಂದ ಹಿಡಿದು ತಂದ ಅಪರಿಚಿತ ಪ್ರಾಣಿ ಹೆದರಿ ಮರಳಿಗಿಳಿದರೆ, ನನ್ನ ಮೇಲೆ ಮುನಿಸು ಎಂದಿದ್ದಳು. ನಾನು ಅದಕ್ಕೆ ಕ್ಷಮೆ ಕೇಳಿದ್ದೆ.

ಹೊಸ ತೊಟ್ಟಿಯಲ್ಲಿ ಗೇಣುದ್ದ ಮರಳು ಹಾಕಿ, ಹೂವನ್ನು ಅದರ ಚಿಪ್ಪಿನ ಮೇಲೆಯೇ ನೆಟ್ಟೆ. ಅದರದ್ದೇನು ತಪ್ಪು? ಕೇಳದೆ ತಂದವರು ಇವರು. ಹಸಿರು ಹುರಿಯನ್ನು ಕತ್ತರಿಯಿಂದ ಬಿಡಿಸಿದೆ. ಭರಣಿಯ ತಳವನ್ನು ಒಳಗಿಡಲಿಲ್ಲ. ತೊಳೆದು ಕಿಟಕಿಯ ಮೇಲಿಟ್ಟೆ. ತಪ್ಪದೆ ತಿನಿಸಿದೆ, ಬಾಯಿ ನೋಡಿದೆ, ದೀಪ ಹಾಕಿ ಆರಿಸಿದೆ. ಮಾತು ಮಾತ್ರ ಆಡಲಿಲ್ಲ. ಜಲಜಳ ಜೊತೆಗೂ ಆಡಲಿಲ್ಲ. ಉಪ್ಪಿನಕಾಯಿ ನಾನೊಬ್ಬಳೇ ಹಾಕಿದೆ. ಉಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಅಂಗಡಿಯವರು ಮುಖ ಸಿಂಡರಿಸಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಮತ್ತೆ ಬೇಸಿಗೆ ಬಂತು. ನಮ್ಮ ಬಾವಿ ಉಪ್ಪಾಯಿತು. ತೊಟ್ಟಿಯ ನೀರು ಗೆರೆಗಿಂತ ಇಳಿಯುತ್ತ ಬಂತು. ಪೇಟೆಯ ನಲ್ಲಿಯಿಂದ ಒಂದೆರಡು ಸಲ ತಂದೆ. ಅದರಲ್ಲಿ ಔಷಧದ ವಾಸನೆ, ಹೂವು ಮುದುಡಿತು. ಬೇಲಿಯಾಚೆ ಸಿಹಿನೀರು ತುಂಬಿದ ಬಾವಿಯಿತ್ತು. ಕೇಳಲು ನನಗೆ ಬಾಯಿ ಬರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲಲ್ಲಿ ಜಲಜ ನಿಂತಿದ್ದಳು, ಸೊಂಟದ ಮೇಲೆ ತಾಮ್ರದ ಕೊಡ. ಒಳಗೆ ಬಾ ಎಂದು ನಾನು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವಳೇ ಬಂದು ಕೊಡವನ್ನು ತೊಟ್ಟಿಯ ಪಕ್ಕ ಇಳಿಸಿದಳು.

"ಬಾವಿಯದು" ಎಂದಳು.

ನಾನು ಕೊಡದೊಳಗೆ ಬೆರಳು ಅದ್ದಿ, ಅವಳ ಎದುರಿನಲ್ಲೇ, ನಾಲಿಗೆಗೆ ಮುಟ್ಟಿಸಿ ನೋಡಿದೆ. ಸಿಹಿಯಾಗಿತ್ತು. ಅವಳ ಕಣ್ಣು ತುಂಬಿತು.

ಚೊಂಬಿನಲ್ಲಿ ಮೊಗೆದು ಗಾಜಿನ ಅಂಚಿನಿಂದ ಸಣ್ಣ ಧಾರೆಯಾಗಿ ಬಿಟ್ಟೆ. ನೀರು ಗೆರೆಗೆ ಬಂತು. ಕದಡಿದ್ದಕ್ಕೆ ಹೂವು ಎಸಳು ಬಾಚಿಕೊಂಡು ಮರಳಿಗೆ ಇಳಿಯಿತು. ನಾನು ಮಣೆಯ ಮೇಲೆ ಕೂತೆ. ಇನ್ನೊಂದು ಮಣೆ ಗೋಡೆಗೆ ಒರಗಿತ್ತು. ಅದನ್ನು ನಾನು ಹಾಕಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ. ನನ್ನ ಹಿಂದೆ ನಿಂತೇ ಇದ್ದಳು. ಪಂಪು ಗುಳುಗುಳು ಎನ್ನುತ್ತಿತ್ತು. ಮರಳಿನ ಮೇಲೆ ಬೆರಳಿನಿಂದ ಒತ್ತಿದಂಥ ಒಂದು ಗುಳಿ. ಇಬ್ಬರೂ ಅದನ್ನೇ ನೋಡುತ್ತಿದ್ದೆವು.