ಕಾಗದದಲ್ಲಿ ಹುಟ್ಟಿದ ಮಗು

ಶುಕ್ರವಾರ ತಲೆ ಎಣಿಸಲು ಬರುತ್ತಾರೆಂದು ಮಗಳು ಹೇಳಿದ್ದು ಭಾನುವಾರ ಬೆಳಿಗ್ಗೆ, ಒದ್ದೆ ಬಟ್ಟೆ ಕೊಡವುತ್ತಾ. ಹದಿನೈದು ಮಕ್ಕಳಿಲ್ಲದ ಶಾಲೆಗಳಿಗೆ ಈ ವರ್ಷ ಬೀಗ. ಅವಳ ಶಾಲೆಯಲ್ಲಿರುವುದು ಹನ್ನೊಂದು. ಹಾಜರಿ ಪುಸ್ತಕದಲ್ಲಿ ಏನು ಬರೆದಿದೆ ಎಂಬುದು ಅವರಿಗೆ ಬೇಡ, ಬೆಂಚಿನ ಮೇಲೆ ಕೂತ ತಲೆಗಳನ್ನೇ ಎಣಿಸುತ್ತಾರೆ. ಶಾಲೆ ಮುಚ್ಚಿದರೆ ಕಾಯಂ ಆದವರಿಗೆ ಇನ್ನೊಂದು ಕಡೆ ಜಾಗ ಸಿಗುತ್ತದೆ. ನನ್ನ ಮಗಳು ಆರು ವರ್ಷದಿಂದ ಹಂಗಾಮಿ ಶಿಕ್ಷಕಿ. ಮುಂದಿನ ವರ್ಷ ಕಾಯಂ ಆಗಬೇಕಿತ್ತು. ಹಂಗಾಮಿಯವರಿಗೆ ಮನೆಯೇ ಜಾಗ.

"ನೀನು ಕೆಲಸ ಅಷ್ಟು ಚೆನ್ನಾಗಿ ಮಾಡಬಾರದಿತ್ತಮ್ಮ," ಎಂದಳು. ನಗುತ್ತಲೇ ಅಂದಳು. "ಸ್ವಲ್ಪ ಸೋಮಾರಿಯಾಗಿದ್ದಿದ್ರೆ ನನ್ನ ಶಾಲೆ ತುಂಬಿರ್ತಿತ್ತು."

ನಾನು ಇಲ್ಲಿನ ಆರೋಗ್ಯ ಕೇಂದ್ರದ ನರ್ಸು. ಮೂವತ್ತನಾಲ್ಕು ವರ್ಷವಾಯಿತು, ಇನ್ನೆರಡು ತಿಂಗಳಿಗೆ ನಿವೃತ್ತಿ. ಬಹಳ ವರ್ಷ ನನ್ನ ಕೆಲಸವೆಂದರೆ ಹೆರಿಗೆ ಮಾಡಿಸುವುದು, ಅದಾದ ಮೇಲೆ ಇನ್ನು ಹೆರಬೇಡಿ ಎಂದು ಒಪ್ಪಿಸುವುದು. ಕಂಕುಳಲ್ಲಿ ಚಿತ್ರದ ಹಲಗೆ ಇಟ್ಟುಕೊಂಡು ಮನೆಮನೆ ತಿರುಗುತ್ತಿದ್ದೆ. ಹಲಗೆಯ ಎಡಗಡೆ ಸೋರುವ ಸೂರು, ಏಳು ಮಕ್ಕಳು, ಬಡಕಲು ತಾಯಿ. ಬಲಗಡೆ ಎರಡು ಮಕ್ಕಳು, ಬೆನ್ನಿಗೆ ಚೀಲ, ಅಂಗಳದಲ್ಲಿ ನಲ್ಲಿ. ಮಕ್ಕಳು ಕಡಿಮೆಯಾದರೆ ನೀರು ಬರುತ್ತದೆ, ರಸ್ತೆ ಬರುತ್ತದೆ, ಶಾಲೆಗೆ ಬೆಂಚು ಬರುತ್ತದೆ ಎಂದು ಹೇಳುತ್ತಿದ್ದೆ.

ಅದು ಸುಳ್ಳಾಗಲಿಲ್ಲ. ಎಲ್ಲವೂ ಬಂತು. ನಲ್ಲಿ ಬಂತು. ರಸ್ತೆ ಬಂತು, ಅದೇ ರಸ್ತೆ ಹಿಡಿದು ಹರೆಯದವರು ಹೊರಟುಹೋದರು. ಬೆಂಚು ಹೋದ ವರ್ಷ ಬಂತು, ಮೂವತ್ತು. ಮಗಳು ಅದೇ ಶಾಲೆಯಲ್ಲಿ ಓದುವಾಗ ಕೋಣೆಗೆ ಎಪ್ಪತ್ತು ಮಕ್ಕಳು, ನೆಲದ ಮೇಲೆ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ. ಈಗ ಹನ್ನೊಂದು ಮಕ್ಕಳು ಒಬ್ಬೊಬ್ಬರಿಗೆ ಒಂದೊಂದು ಬೆಂಚು ಹಿಡಿದು ಕೂರುತ್ತಾರೆ. ಮಿಕ್ಕ ಬೆಂಚುಗಳಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿಲ್ಲ. ನಮ್ಮ ಹೆರಿಗೆ ಕೋಣೆಯಲ್ಲಿ ಈಗ ಮುದುಕರ ಬಿಪಿ ನೋಡುತ್ತೇವೆ. ಮಗು ತೂಗುವ ತಕ್ಕಡಿಯ ತಟ್ಟೆಯಲ್ಲಿ ಅವರ ಕಣ್ಣಿನ ಔಷಧಿಯ ಸೀಸೆಗಳಿವೆ.

ಕಡಿಮೆ ಬಿದ್ದ ನಾಲ್ಕು ತಲೆ ಎಲ್ಲಿವೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನ ತಂಗಿಯ ಮನೆಯಲ್ಲಿ. ಹೆದ್ದಾರಿಯ ಪಕ್ಕ ಗೋದಾಮು ಕಟ್ಟಲು ಎಲ್ಲಿಂದಲೋ ಬಂದ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಅವಳ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಆರರಿಂದ ಒಂಬತ್ತು ವರ್ಷದ ನಾಲ್ಕು ಮಕ್ಕಳು, ಯಾವ ಶಾಲೆಗೂ ಸೇರದವು. ಮಗಳು ಒಮ್ಮೆ ಹೋಗಿ ಕೇಳಿದ್ದಳು. ಚಿಕ್ಕಮ್ಮ ಅವಳಿಗೆ ಟೀ ಕೊಟ್ಟು, ನಿನ್ನಮ್ಮನ್ನ ಕಳಿಸು ಎಂದಿದ್ದಳಂತೆ.

ಭಾನುವಾರ ಮಧ್ಯಾಹ್ನವೇ ಹೋದೆ. ತಂಗಿಯದು ಎರಡು ಕೋಣೆ, ಒಂದು ಕಿಟಕಿ. ಕಿಟಕಿಯ ಕೆಳಗೆ ಕೂತು ಅವಳು ಸಿದ್ಧ ಉಡುಪಿನ ಕಾರ್ಖಾನೆಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ತಾಯಂದಿರಿಗೆ ರಜೆಯಿಲ್ಲದ ಕಾರಣ ಭಾನುವಾರವೂ ಮಕ್ಕಳಿದ್ದವು. ದೊಡ್ಡ ತಟ್ಟೆಯೊಂದರ ಸುತ್ತ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದವು. ಹತ್ತಾದಾಗಲೆಲ್ಲ ಒಂದು ಹುಡುಗಿ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಎಣಿಕೆ ಕಲಿಸಿದವಳು ತಂಗಿಯೇ ಇರಬೇಕು.

"ಬಾ ಅಕ್ಕ. ದಾರಿ ನೆನಪಿದೆಯಲ್ಲ," ಎಂದಳು.

ಬಂದ ಕಾರಣ ಹೇಳಿದೆ. ನನ್ನ ಮಗಳ ಆರು ವರ್ಷದ ದುಡಿಮೆ, ಶುಕ್ರವಾರದ ಎಣಿಕೆ, ಎಲ್ಲ. ಈ ಮಕ್ಕಳಿಗೂ ಅಕ್ಷರ ಕಲಿತಂತಾಗುತ್ತದೆ, ಮಧ್ಯಾಹ್ನ ಊಟ ಸಿಗುತ್ತದೆ ಎಂದೂ ಸೇರಿಸಿದೆ. ಒಪ್ಪಿಸುವುದು ನನ್ನ ಕಸುಬು. ಯಾವ ಮಾತಿಗೆ ದನಿ ಇಳಿಸಬೇಕು ಎಂಬುದು ನನಗೆ ಯೋಚಿಸದೆಯೇ ಬರುತ್ತದೆ. ತಂಗಿ ದಾರವನ್ನು ಹಲ್ಲಿನಲ್ಲಿ ಕಡಿದು ಅಂಗಿ ಮಡಿಸಿಟ್ಟಳು.

"ನಾಲ್ಕೇ ಯಾಕೆ? ನಂದೂ ಒಂದಿದೆಯಲ್ಲ, ಎರಡನೇದು. ಅದನ್ನೂ ಸೇರಿಸ್ಕೋ, ಹದಿನಾರಾಗುತ್ತೆ."

ನನಗೆ ತಕ್ಷಣ ತಿಳಿಯಲಿಲ್ಲ.

"ನೀನೇ ಬರೆದಿದ್ದೆಯಲ್ಲ ಅಕ್ಕ. ಗಂಡು, ಒಂದೂವರೆ ವರ್ಷ. ಕಾಗದದ ಮೇಲಿರೋರಿಗೆ ವಯಸ್ಸಾಗಲ್ಲ. ಇನ್ನೂ ಹಾಗೇ ಇರುತ್ತೆ, ಮುದ್ದಾಗಿ."

ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಆಗ ಹತ್ತು ವರ್ಷ ದುಡಿದಿದ್ದರೂ ನಾನಿನ್ನೂ ಹಂಗಾಮಿ. ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ವರ್ಷಕ್ಕೆ ನಲವತ್ತು ಕೇಸು ತರಬೇಕು. ಕೇಸು ಎಂದೇ ಕರೆಯುತ್ತಿದ್ದೆವು, ಹೆಂಗಸರು ಎಂದಲ್ಲ. ಡಾಕ್ಟರ ಕೋಣೆಯ ಗೋಡೆಯ ಮೇಲೆ ನರ್ಸುಗಳ ಹೆಸರು, ಮುಂದೆ ಸುಣ್ಣದ ಕಡ್ಡಿಯಲ್ಲಿ ಅಂಕಿ. ಆ ವರ್ಷ ನನ್ನದು ಮೂವತ್ತೊಂಬತ್ತಕ್ಕೆ ನಿಂತಿತ್ತು. ಕೊನೆಯ ಕ್ಯಾಂಪಿಗೆ ಎರಡು ದಿನ. ಒಂದು ಕಡಿಮೆಯಾದರೂ ಕಾಯಂ ಆಗುವವರ ಪಟ್ಟಿಯಿಂದ ಹೆಸರು ಹೋಗುತ್ತದೆಂದು ಡಾಕ್ಟರು ಎಲ್ಲರ ಎದುರು ಹೇಳಿದ್ದರು. ತಂಗಿ ಆಗ ಮೂರು ವರ್ಷದ ಮಗಳನ್ನು ಕರೆದುಕೊಂಡು ನನ್ನ ಮನೆಯಲ್ಲಿದ್ದಳು. ಗಂಡ ದೂರದ ಕೆಲಸದಲ್ಲಿದ್ದ. ಅವಳ ಮೊದಲ ಹೆರಿಗೆ ಕಷ್ಟವಾಗಿತ್ತು, ಅದು ನಿಜ. ಇನ್ನೊಂದು ಹೆತ್ತರೆ ನೀನು ಉಳಿಯುವುದಿಲ್ಲ ಎಂದೆ. ಅದು ಅರ್ಧ ನಿಜ. ಬೇಕೆನಿಸಿದರೆ ಕತ್ತರಿಸಿದ ನಾಳವನ್ನು ಆಮೇಲೆ ಮತ್ತೆ ಜೋಡಿಸುತ್ತಾರೆ ಎಂದೆ. ಅವಳಿಗೆ ಇಪ್ಪತ್ತಮೂರು. ಅಕ್ಕ ಹೇಳಿದ ಮೇಲೆ ಇನ್ನೇನು ಎಂದು ಬಂದಳು.

ಒಂದೇ ಮಗುವಿರುವವರನ್ನು ಮೇಜು ಹತ್ತಿಸುವಂತಿರಲಿಲ್ಲ. ಕನಿಷ್ಠ ಎರಡು ಇರಬೇಕು. ಅರ್ಜಿಯಲ್ಲಿ ಮಕ್ಕಳ ಹೆಸರು, ವಯಸ್ಸು ತುಂಬಲು ಎರಡು ಸಾಲು. ಎರಡನೇ ಸಾಲನ್ನು ನಾನೇ ತುಂಬಿದೆ. ತಂಗಿ ಓದದೆ ಸಹಿ ಹಾಕಿದಳು. ನಲವತ್ತಾಯಿತು. ಆರು ತಿಂಗಳಿಗೆ ನನ್ನ ಕಾಯಂ ಆದೇಶ ಬಂತು.

ಅದಾದ ಎರಡು ವರ್ಷಕ್ಕೆ ಅವಳ ಮಗಳು ಜ್ವರದಲ್ಲಿ ಹೋದಳು. ಐದು ವರ್ಷ. ಆಮೇಲೊಂದೆರಡು ವರ್ಷಕ್ಕೆ ಗಂಡ ದೂರದ ಊರಲ್ಲೇ ಇನ್ನೊಂದು ಸಂಸಾರ ಹೂಡಿದ. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಎದುರಾದರೆ ತಮಾಷೆ ಮಾಡುತ್ತಿದ್ದಳು. ಅವಳು ಮರೆತಿದ್ದಾಳೆ ಎಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

"ನಿನಗ್ಯಾರು ಹೇಳಿದರು?" ಎಂದು ಕೇಳಿದೆ.

ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು. ಮಗಳು ಹೋಗಿ ಎಂಟು ತಿಂಗಳಾದ ಮೇಲೆ ಅವಳೊಬ್ಬಳೇ ಎರಡು ಬಸ್ಸು ಬದಲಾಯಿಸಿ ದೊಡ್ಡಾಸ್ಪತ್ರೆಗೆ ಹೋಗಿದ್ದಳಂತೆ, ಮತ್ತೆ ಜೋಡಿಸಿ ಎಂದು ಕೇಳಲು. ಬದುಕಿರುವ ಮಕ್ಕಳೇ ಇಲ್ಲದವರಿಗೆ ಅಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದರು. ಗುಮಾಸ್ತ ಕಡತ ತೆಗೆದು ನೋಡಿ, ನಿಮಗೆ ಇನ್ನೊಂದು ಇದೆಯಲ್ಲಮ್ಮ, ಗಂಡು ಮಗು, ಏನೂ ಇಲ್ಲದವರು ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ ಎಂದನಂತೆ. ಇವಳು ಇಲ್ಲವೆಂದರೆ, ನರ್ಸಿನ ಸಹಿಯಿದೆ, ನರ್ಸು ಸುಳ್ಳು ಬರೀತಾರಾ ಎಂದನಂತೆ.

"ನಾನೇನು ಹೇಳ್ಲಿ? ನರ್ಸು ನಮ್ಮಕ್ಕ ಅಂತ ಹೇಳ್ಲಾ? ಎದ್ದು ಬಂದೆ."

ಗುಂಡಿ ಎಣಿಸುವ ಹುಡುಗಿ ಇನ್ನೊಂದು ಹತ್ತು ಹೇಳಿದಳು. ತಂಗಿ ಅವಳತ್ತ ನೋಡಿ ತಲೆಯಾಡಿಸಿ, ನನ್ನ ಕಡೆ ತಿರುಗಿದಳು. ಮಕ್ಕಳನ್ನು ಕಳಿಸುತ್ತೇನೆ, ತಾಯಂದಿರು ನನ್ನ ಮಾತು ತೆಗೆದುಹಾಕುವುದಿಲ್ಲ ಎಂದಳು. ಅದಕ್ಕೆ ಬದಲಾಗಿ ಅವಳು ಕೇಳಿದ್ದು ಒಂದೇ. ಅವತ್ತು ನನ್ನ ತಂಗಿಗೆ ಒಂದೇ ಮಗುವಿತ್ತು, ಎರಡೆಂದು ಬರೆದವಳು ನಾನು, ಗೊತ್ತಿದ್ದೇ ಬರೆದೆ, ಇಷ್ಟನ್ನು ಬಿಳಿ ಹಾಳೆಯಲ್ಲಿ ಬರೆದು ಕೆಳಗೆ ಸಹಿ ಹಾಕಿ ಹುದ್ದೆ ಬರೆಯಬೇಕು.

"ಅದನ್ನ ಇಟ್ಕೊಂಡು ಏನ್ಮಾಡ್ತೀಯ?"

"ಗೊತ್ತಿಲ್ಲ."

"ಯಾರಿಗಾದ್ರೂ ತೋರಿಸ್ತೀಯಾ?"

"ನೀನು ಬರೀವಾಗ, ಯಾರಿಗೆ ತೋರಿಸ್ತೀಯ ಅಂತ ನಾನು ಕೇಳಿದ್ನಾ ಅಕ್ಕ?"

ಮನೆಗೆ ಬಂದು, ಚಿಕ್ಕಮ್ಮ ಯೋಚಿಸಿ ಹೇಳುತ್ತಾಳಂತೆ ಎಂದು ಮಗಳಿಗೆ ಹೇಳಿದೆ. ಯೋಚಿಸುತ್ತಿದ್ದವಳು ನಾನು. ನಮ್ಮ ಕೇಂದ್ರದ ಸ್ಟೋರ್ ಕೀಪರ್ ನಿವೃತ್ತನಾಗಿ ಒಂದು ವರ್ಷವಾಯಿತು. ಆರು ಕಂಬಳಿಗಳು ಲೆಕ್ಕಕ್ಕೆ ಸಿಗಲಿಲ್ಲವೆಂದು ಅವನ ಪೆನ್ಶನ್ ಇನ್ನೂ ನಿಂತಿದೆ. ಆರು ಕಂಬಳಿಗೇ ಹಾಗಾದರೆ ಒಂದು ಮಗುವಿಗೆ ಏನಾಗಬಹುದು? ಸೋಮವಾರ ಮುದುಕರ ಬಿಪಿ ನೋಡುತ್ತಾ ನಾಲ್ವರದನ್ನು ತಪ್ಪಾಗಿ ಬರೆದೆ. ಮಂಗಳವಾರ ಹಾಳೆ ತೆಗೆದುಕೊಂಡು 'ಕಣ್ತಪ್ಪಿನಿಂದ' ಎಂದು ಶುರುಮಾಡಿದೆ. ಆ ಪದ ನೋಡಿ ನನಗೇ ನಾಚಿಕೆಯಾಗಿ ಹರಿದೆ. ಬುಧವಾರ 'ಆಗಿನ ಒತ್ತಡದಲ್ಲಿ' ಎಂದು ಬರೆದು ಅದನ್ನೂ ಹರಿದೆ. ಮಗಳು ಅಷ್ಟೂ ಸಂಜೆ ಮನೆಮನೆ ಅಲೆದಳು. ಹೆಚ್ಚಿನ ಮನೆಗಳಲ್ಲಿ ಒಂದೊಂದೇ ಮಗು, ಅದೂ ಹಳದಿ ವ್ಯಾನಿನಲ್ಲಿ ಬೇರೆ ಶಾಲೆಗೆ ಹೋಗುವುದು. ಒಂದು ಮನೆಯ ಅಜ್ಜಿ, ನಿಮ್ಮಮ್ಮನೇ ತಾನೇ ಬೇಡ ಅಂದದ್ದು, ಈಗ ಎಲ್ಲಿಂದ ತರೋಣ ಎಂದು ಕೇಳಿದಳಂತೆ. ಮಗಳು ಕಾಲು ತೊಳೆಯುತ್ತಾ ಅದನ್ನು ಹೇಳಿದಳು. ಈ ಸಲ ನಗಲಿಲ್ಲ.

ಗುರುವಾರ ಬೆಳಿಗ್ಗೆ ಡ್ಯೂಟಿ ಮೇಜಿನ ಮೇಲೆಯೇ ಬರೆದೆ. ಮೂರು ಸಾಲು, ಕೆಳಗೆ ಸಹಿ, ಹುದ್ದೆ. ಮೂರು ಸಾಲಿಗೆ ನಾಲ್ಕು ದಿನ. ಊಟದ ಬಿಡುವಿನಲ್ಲಿ ಸಮವಸ್ತ್ರದಲ್ಲೇ ತಂಗಿಯ ಮನೆಗೆ ಹೋದೆ.

ಬಾಗಿಲಲ್ಲಿ ಚಿಕ್ಕ ಚಪ್ಪಲಿಗಳಿರಲಿಲ್ಲ. ತಟ್ಟೆಯಲ್ಲಿ ಗುಂಡಿಗಳೆಲ್ಲ ಬಣ್ಣ ಬೆರೆತು ಬಿದ್ದಿದ್ದವು. ತಂಗಿ ಕಿಟಕಿಯ ಕೆಳಗೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ.

ಗೋದಾಮಿನ ಕೆಲಸ ಮುಗಿದಿತ್ತು. ಬೆಳಿಗ್ಗೆ ಆರಕ್ಕೆ ಲಾರಿ ಬಂದು ಎಲ್ಲರನ್ನೂ ಮುಂದಿನ ಕೆಲಸಕ್ಕೆ ಕರೆದೊಯ್ದಿತ್ತು. ಹೊಸ ಜಾಗದಲ್ಲಿ ಇನ್ನೂ ಗೋಡೆಯೂ ಇಲ್ಲ, ವರ್ಷ ಮುಗಿಯುವವರೆಗೆ ಮಕ್ಕಳನ್ನು ನೀನೇ ಇಟ್ಟುಕೋ, ಶಾಲೆಗಾದರೂ ಹಾಕು ಎಂದು ತಾಯಂದಿರು ಭಾನುವಾರ ಸಂಜೆ ತಾವಾಗಿಯೇ ಕೇಳಿದ್ದರಂತೆ. ಬುಧವಾರದೊಳಗೆ ಹೇಳುತ್ತೇನೆ ಎಂದಿದ್ದಳು ಇವಳು.

"ನಿನ್ನೆ ಸಂಜೆವರೆಗೂ ಬಾಗಿಲು ತೆಗೆದೇ ಇಟ್ಟಿದ್ದೆ," ಎಂದಳು.

"ಒಂದು ಮಾತು ಹೇಳಿ ಕಳಿಸಬಾರದಿತ್ತಾ? ಓಡಿ ಬರ್ತಿದ್ದೆ."

"ಮಕ್ಕಳಿಗೋಸ್ಕರ ಓಡಿ ಬರ್ತಿದ್ದೆ. ನನಗೋಸ್ಕರ ಬರ್ತೀಯಾ ಅಂತ ನೋಡ್ತಿದ್ದೆ ಅಕ್ಕ."

ಅವಳ ದನಿಯಲ್ಲಿ ಗೆದ್ದ ಭಾವವಿರಲಿಲ್ಲ. ಆ ನಾಲ್ಕನ್ನು ಕಳಿಸಿ ಅವಳೂ ಬರಿದಾಗಿದ್ದಳು. ಮೂಲೆಯಲ್ಲಿ ಒಂದು ಪುಟ್ಟ ಅಂಗಿ ಮಡಿಸಿಟ್ಟಿತ್ತು, ಕಾರ್ಖಾನೆಯದಲ್ಲ, ಅವಳೇ ತುಂಡು ಬಟ್ಟೆಗಳನ್ನು ಸೇರಿಸಿ ಹೊಲಿದದ್ದು. ಕೊಡಲು ಮರೆತಳೋ, ಬೇಕೆಂದೇ ಉಳಿಸಿಕೊಂಡಳೋ ನಾನು ಕೇಳಲಿಲ್ಲ.

ಕಾಗದ ಕೊಟ್ಟೆ. ಇನ್ನು ಅದರಿಂದ ಯಾರಿಗೂ ಉಪಯೋಗವಿರಲಿಲ್ಲ, ಆದರೂ ಕೊಟ್ಟೆ. ಅವಳು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಮತ್ತೊಮ್ಮೆ ಮೊದಲಿಂದ ಓದಿದಳು.

"ಹೆಸರು ಬರೆದಿಲ್ಲ," ಎಂದಳು.

"ಯಾರದು?"

"ಅವನದು. ಆಗ ಅರ್ಜಿಯಲ್ಲಿ ಹೆಸರೂ ಬರೆದಿದ್ದೆಯಂತಲ್ಲ. ಆ ಗುಮಾಸ್ತ ಓದಿ ಹೇಳಿದ, ನನ್ನ ಕಿವಿಗೆ ಬೀಳಲಿಲ್ಲ. ಏನಂತ ಇಟ್ಟಿದ್ದೆ?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಆ ಅರ್ಜಿಯ ಬಣ್ಣ ನೆನಪಿದೆ, ಪೆನ್ನು ಸರಿಯಾಗಿ ಮೂಡದೆ ಎರಡು ಸಲ ತಿದ್ದಿದ್ದು ನೆನಪಿದೆ, ಅಂಗಳದಲ್ಲಿ ಆ ಹೊತ್ತಿಗೆ ಅವಳ ಮಗಳೂ ನನ್ನ ಮಗಳೂ ಜಗಳವಾಡುತ್ತಿದ್ದದ್ದು ನೆನಪಿದೆ. ಹೆಸರು ಮಾತ್ರ ಬರಲಿಲ್ಲ. ಬಾಯಿಗೆ ಬಂದ ಯಾವುದೋ ಒಂದನ್ನು ಹೇಳಿಬಿಡಬಹುದಿತ್ತು. ಅವಳು ನಂಬುತ್ತಿದ್ದಳು.

"ನೆನಪಿಲ್ಲ," ಎಂದೆ.

ತಂಗಿ ತಲೆಯಾಡಿಸಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗುಂಡಿಯ ಡಬ್ಬಿಯ ತಳದಲ್ಲಿಟ್ಟಳು.

ಶುಕ್ರವಾರ ಶಾಲಾ ಇನ್ಸ್‌ಪೆಕ್ಟರು ಬಂದರು. ಒಳ್ಳೆಯ ಮನುಷ್ಯನಂತೆ. ಎರಡು ಸಲ ಎಣಿಸಿದರಂತೆ, ಎರಡು ಸಲವೂ ಹನ್ನೊಂದು. ಪ್ಲಾಸ್ಟಿಕ್ ಬಿಚ್ಚದ ಬೆಂಚುಗಳನ್ನು ಕೈಯಲ್ಲಿ ಸವರಿ, ಇವು ಯಾವುದಾದರೂ ಆಸ್ಪತ್ರೆಗೆ ಆಗುತ್ತವೆ, ಸಾಲಿನಲ್ಲಿ ಕಾಯುವ ಮುದುಕರಿಗೆ ಎಂದು ಬರೆದುಕೊಂಡರಂತೆ.

ಸಂಜೆ ಮಗಳು ಸುಣ್ಣದ ಕಡ್ಡಿಯ ಡಬ್ಬಿ, ಎರಡು ಭೂಪಟಗಳನ್ನು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟಳು. ಚಿಕ್ಕಮ್ಮ ಯಾಕೆ ಕಳಿಸಲಿಲ್ಲ ಎಂದು ಕೇಳಿದಳು. ಆ ಮಕ್ಕಳು ಊರು ಬಿಟ್ಟು ಹೋದವು ಎಂದೆ. ಮಾತು ನಿಜವಾದದ್ದೇ. ನಾನು ಹೇಳುವುದು ಯಾವಾಗಲೂ ನಿಜದಲ್ಲಿ ಅರ್ಧ.

ಅವಳು ಭೂಪಟಗಳನ್ನು ಸುತ್ತಿ ಗೋಡೆಗೆ ಒರಗಿಸಿಟ್ಟಳು. ಆಮೇಲೆ, ನನಗೇ ಸಮಾಧಾನ ಬೇಕಾಗಿದೆ ಎಂದುಕೊಂಡಳೋ ಏನೋ, ಹತ್ತಿರ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು.

"ಇರಲಿ ಬಿಡಮ್ಮ. ನಿನ್ನ ಪೆನ್ಶನ್ ಬರುತ್ತಲ್ಲ. ನಡೆಯುತ್ತೆ."