ಗಡಿ ದಾಟಿದ ದವಾಖಾನೆ

ಡಾಕ್ಟರ್ ಹಾರ್ಲನ್ ವೊಸ್ ಭಾನುವಾರ ಪ್ರಾರ್ಥನೆಯ ಹೊತ್ತಿಗೆ ತೀರಿಕೊಂಡರು. ಸೋಮವಾರ ಬೆಳಗಾಗುವಷ್ಟರಲ್ಲಿ, ಅವರ ಊರಿಂದ ಹದಿನೈದು ಹರದಾರಿ ದೂರದ ಮೇಲನ್ ಗಿಂಗರಿಚ್‌ನ ಅಂಗಳದಲ್ಲಿದ್ದ ದವಾಖಾನೆಗೆ ಬೀಗ ಬಿದ್ದಿತ್ತು.

ಬೀಗ ಹಾಕಿದ ವರ್ನಾ ಟಾಲಿವರ್ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಅವಳು ಬರಿಯ ನರ್ಸ್ ಅಲ್ಲ. ಮೇಲಿನ ಓದು ಓದಿ, ರೋಗಿಯನ್ನು ತಾನೇ ಪರೀಕ್ಷಿಸಿ ಔಷಧಿ ಬರೆದುಕೊಡುವ ಲೈಸೆನ್ಸ್ ಪಡೆದವಳು. ಕುದುರೆಗೆ ನೀರು ಕುಡಿಸಿ ಬರುತ್ತಿದ್ದ ಮೇಲನ್ ಅವಳನ್ನು ಕಂಡು ನಿಂತ.

"ಡಾಕ್ಟರು ಹೋದ್ರು, ದುಃಖ ಆಗತ್ತಮ್ಮ. ಆದ್ರೆ ಬಾಗಿಲು ಯಾಕೆ ಹಾಕಿದೆ?"

"ನಾನು ಹಾಕಿದ್ದಲ್ಲ ಮೇಲನ್, ಕಾನೂನು ಹಾಕಿಸಿದ್ದು. ಈ ಮಿಸೌರಿ ರಾಜ್ಯದಲ್ಲಿ ಯಾರಾದ್ರೂ ಒಬ್ಬ ಡಾಕ್ಟರು ನನ್ನ ಜೊತೆ ಒಪ್ಪಂದಕ್ಕೆ ರುಜು ಹಾಕಿದ್ರೆ ಮಾತ್ರ ನನ್ನ ಲೈಸೆನ್ಸ್ ನಡೆಯೋದು. ಹಾಗೆ ರುಜು ಹಾಕಿದ್ದ ವೊಸ್ ಅವರ ಉಸಿರು ನಿಂತಾಗ ನನ್ನ ಪೆನ್ನೂ ನಿಂತುಹೋಯ್ತು."

"ಶುಕ್ರವಾರ ಗೊತ್ತಿದ್ದ ವೈದ್ಯವಿದ್ಯೆ ಇವತ್ತು ಮರೆತುಹೋಯ್ತಾ?"

"ನನಗೆ ಮರೆತಿಲ್ಲ. ಸರ್ಕಾರಕ್ಕೆ ಮರೆತುಹೋಗಿದೆ."

ಮೇಲನ್‌ಗೆ ನಗು ಬರಲಿಲ್ಲ. ಆ ಮರದ ಕಟ್ಟಡ ಅವನ ಹೆಂಡತಿ ಸಲೋಮಿಗೆ ಕೌದಿ ಹೊಲಿದು ಮಾರಲೆಂದು ಅವನೇ ಕಟ್ಟಿಕೊಟ್ಟ ಅಂಗಡಿ. ಅವರು ಆಮಿಶ್ ಪಂಥದ ಕ್ರೈಸ್ತರು, ಹಳೆಯ ಕಟ್ಟಳೆಯಂತೆ ಕುದುರೆ ಗಾಡಿಯಲ್ಲೇ ಓಡಾಡುವ ಜನ, ಮನೆಗಳಲ್ಲಿ ಕಾರಿಲ್ಲ. ಎದೆನೋವು ಬಂದ ದಿನ ಸಲೋಮಿಯನ್ನು ಬಾಡಿಗೆ ವ್ಯಾನಿನಲ್ಲಿ ಮಲಗಿಸಿಕೊಂಡು ಹೊರಟಿದ್ದರು. ಆಸ್ಪತ್ರೆ ಇನ್ನೂ ಅರ್ಧ ದಾರಿ ಇರುವಾಗಲೇ ಅವಳು ಅವನ ತೋಳಿನಲ್ಲಿ ತಣ್ಣಗಾದಳು. ಮಣ್ಣು ಮಾಡಿ ಬಂದ ವಾರವೇ ಅವನು ಅಂಗಡಿಯ ಬೀಗದ ಕೈಯನ್ನು ವರ್ನಾಳ ಕೈಗಿಟ್ಟಿದ್ದ. ಇನ್ನು ಯಾರೂ ಆ ದಾರಿಯಲ್ಲಿ ಹಾಗೆ ಸಾಯಬಾರದು ಎಂಬುದೊಂದೇ ಅವನ ಆಸೆ. ಈಗ ಮಗ ಈಲಮ್‌ನ ಹೆಂಡತಿ ಲೊವೀನಾ ತುಂಬು ಬಸುರಿ. ರಕ್ತದೊತ್ತಡ ಏರುತ್ತಿದೆ, ವಾರ ವಾರ ನೋಡಲೇಬೇಕು ಎಂದು ವರ್ನಾ ಹೇಳಿದ್ದಳು. ಅವಳನ್ನೂ ಅದೇ ವ್ಯಾನಿಗೆ ಹತ್ತಿಸುವ ದಿನ ಬಂತೇ ಎಂದು ಮೇಲನ್‌ನ ಜೀವ ಹಿಡಿಯಷ್ಟಾಯಿತು.

ವರ್ನಾ ಸುಮ್ಮನೆ ಕೂರಲಿಲ್ಲ. ಊರೂರಿನ ಡಾಕ್ಟರುಗಳಿಗೆ ಫೋನು ಮಾಡಿದಳು. ಒಬ್ಬರು ಕಾನೂನು ಒಪ್ಪುವುದಕ್ಕಿಂತ ಹೆಚ್ಚು ದೂರದಲ್ಲಿದ್ದರು. ಒಬ್ಬರ ಕೈಕೆಳಗೆ ಕಾನೂನು ಒಪ್ಪುವಷ್ಟು ನರ್ಸುಗಳು ಆಗಲೇ ತುಂಬಿದ್ದರು. ಮತ್ತೊಬ್ಬರು, ಕಂಡರಿಯದವರ ಕೆಲಸಕ್ಕೆ ನನ್ನ ಹೆಸರು ಕೊಡಲಾರೆ ಎಂದರು.

"ನನ್ನ ಮನೆ ಇರೋದು ಈ ರಸ್ತೆಯಾಚೆ ಅಯೋವಾ ರಾಜ್ಯದಲ್ಲಿ," ಎಂದು ಅವಳು ಒಂದು ಸಂಜೆ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. "ಅಲ್ಲಿನ ಲೈಸೆನ್ಸೂ ನನ್ನ ಹತ್ರ ಇದೆ. ಅಲ್ಲಿ ಯಾವ ಡಾಕ್ಟರ ರುಜುವೂ ಬೇಡ. ರೋಗಿ ಆ ನೆಲದ ಮೇಲೆ ಬಂದು ಕೂತ್ರೆ ಸಾಕು. ರಸ್ತೆ ಅಗಲ ಎಷ್ಟಿದೆ ನೋಡಿ! ಅಷ್ಟರಲ್ಲಿ ನಾನು ಬೇರೆಯವಳಾಗಿಬಿಡ್ತೀನಿ."

ಮೇಲನ್ ಜಲ್ಲಿಕಲ್ಲಿನ ರಸ್ತೆಯನ್ನು ನೋಡಿದ, ಅಂಗಡಿಯನ್ನು ನೋಡಿದ. ಅವರ ಜನ ಕೊಟ್ಟಿಗೆಗಳನ್ನೇ ಕೈಯಲ್ಲಿ ಎತ್ತಿ ಹೊಲದಿಂದ ಹೊಲಕ್ಕೆ ಸಾಗಿಸುವವರು.

"ಹಾಗಾದ್ರೆ ಎತ್ತಿ ಆಚೆ ಇಡೋಣ," ಎಂದ.

ಆದರೆ ಆಚೆ ಇದ್ದವನು ಡ್ವೈಟ್ ಕೆಸ್ಲರ್. ಅವನು ಟ್ರಾಕ್ಟರಿನ ರೈತ, ಆಮಿಶ್ ಅಲ್ಲ. ರಸ್ತೆಗೂ ಅವನ ಬೇಲಿಗೂ ನಡುವೆ ಒಂದು ಹುಲ್ಲಿನ ಪಟ್ಟಿ ಇತ್ತು. ರಾಜ್ಯದ ಗಡಿ ಇರುವುದು ಬೇಲಿಯಲ್ಲಿ, ಆದ್ದರಿಂದ ಹುಲ್ಲು ನನ್ನದು ಎಂದು ಮೇಲನ್. ಗಡಿ ಇರುವುದು ರಸ್ತೆಯಲ್ಲಿ, ಹುಲ್ಲು ನನ್ನದು ಎಂದು ಕೆಸ್ಲರ್. ಮೇಲನ್ ಅಲ್ಲಿ ಕುದುರೆ ಕಟ್ಟುವುದು, ಕೆಸ್ಲರ್ ಬಂದು ಬಿಚ್ಚುವುದು, ಹೀಗೆ ಇಬ್ಬರ ಗಡ್ಡವೂ ನರೆತಿತ್ತು.

ವಿಷಯ ಕೇಳಿ ಕೆಸ್ಲರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನನ್ನವಳ ಸಕ್ಕರೆ ಕಾಯಿಲೆ ನೋಡ್ತಿರೋದೂ ಅವಳೇ. ಜಾಗ ಕೊಡ್ತೀನಿ. ಆದ್ರೆ ಬೇಲಿ ಒಳಗೆ ಮಳೆನೀರು ನಿಂತಿದೆ, ನಿಮ್ಮೋರು ಮನೆ ಹೊತ್ಕೊಂಡು ಬಂದ್ರೆ ಮೊಣಕಾಲವರೆಗೂ ಹೂತುಹೋಗ್ತಾರೆ. ಗಟ್ಟಿ ನೆಲ ಅಂದ್ರೆ ಹುಲ್ಲಿನ ಪಟ್ಟಿ ಒಂದೇ. ಅದು ನನ್ನದಾದ್ರೆ ಅಯೋವಾ. ನಿನ್ನದಾದ್ರೆ ಮಿಸೌರಿ. ಏನಂತೀಯ ಮುದುಕಪ್ಪ?"

ಮೇಲನ್ ಹುಲ್ಲಿನಲ್ಲಿ ಕಟ್ಟಿದ್ದ ಕುದುರೆಯನ್ನು ತಾನೇ ಬಿಚ್ಚಿ ಈಚೆ ತಂದ.

"ನಿಮ್ಮಿಬ್ಬರ ಬಾಯಿಮಾತು ನಡೆಯಲ್ಲ," ಎಂದಳು ವರ್ನಾ. "ದವಾಖಾನೆ ಅಯೋವಾ ನೆಲದ ಮೇಲಿದೆ ಅಂತ ನಾನು ರುಜು ಹಾಕಬೇಕು. ಸುಳ್ಳಾದ್ರೆ ಎರಡು ಕಡೆ ಲೈಸೆನ್ಸೂ ಹೋಗತ್ತೆ. ಸರ್ವೇಯರ್ ಬರಲಿ."

ಸರ್ವೇಯರ್ ಬಂದ. ಹಿಂದಿನ ಕಾಲದವರು ಗಡಿಗೆಂದು ನೆಟ್ಟಿದ್ದ ಕಬ್ಬಿಣದ ಕಂಬವನ್ನು ಮುಳ್ಳುಪೊದೆಯಲ್ಲಿ ಹುಡುಕಿ ಅಲ್ಲಿಂದ ಅಳೆಯತೊಡಗಿದ. ಶುಕ್ರವಾರ ಸಂಜೆ ಹಾಲು ಕರೆಯುತ್ತ ಮೇಲನ್ ಹಸುವಿನ ಪಕ್ಕೆಗೆ ಹಣೆ ಆನಿಸಿದ. ಸಲೋಮಿ ಹೋದ ಮೇಲೆ ಅವನು ದೇವರಲ್ಲಿ ಏನನ್ನೂ ಬೇಡಿರಲಿಲ್ಲ. ನಿನ್ನ ಚಿತ್ತ ಎನ್ನುವುದರಾಚೆ ಅವನಿಗೆ ಮಾತೇ ಹುಟ್ಟುತ್ತಿರಲಿಲ್ಲ. ಅಂದು ಬೇಡಿದ. "ತಂದೆಯೇ, ನಾನು ಹೇಳಿದ್ದೇ ಸರಿ ಅಂತ ಇಷ್ಟು ವರ್ಷ ಪಟ್ಟು ಹಿಡಿದೆ. ನಾಳೆ ನನ್ನ ಮಾತು ತಪ್ಪಾಗಲಿ. ಎಲ್ಲರ ಮುಂದೆ ತಪ್ಪಾಗಲಿ."

ಶನಿವಾರ ಬೆಳಿಗ್ಗೆ ಕುದುರೆ ಗಾಡಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ನಿಂತಿತ್ತು. ಹುಲ್ಲಿನ ಟೋಪಿಯ ಇನ್ನೂರಕ್ಕೂ ಹೆಚ್ಚು ಗಂಡಸರು ಬಂದಿದ್ದರು. ಹೆಂಗಸರು ಮೇಜಿನ ಮೇಲೆ ಕಾಫಿ ಹಂಡೆ ಇಟ್ಟು, ಹಣ್ಣಿನ ಕಡುಬುಗಳಿಗೆ ಬಟ್ಟೆ ಮುಚ್ಚುತ್ತಿದ್ದರು. ಈಲಮ್ ಕಟ್ಟಡದ ಸುತ್ತ, ಒಳಗೆ, ಹಿಡಿದೆತ್ತಲು ತೊಲೆಗಳನ್ನು ಬಿಗಿದಿದ್ದ. ಆದರೆ ಯಾರೂ ಕೈ ಹಚ್ಚುವಂತಿರಲಿಲ್ಲ. ಎಲ್ಲರ ಕಣ್ಣೂ ಸರ್ವೇಯರನ ಮೇಲೆ.

ಅವನು ಮೂರು ಕಾಲಿನ ಯಂತ್ರದಲ್ಲಿ ಒಂದು ಕಣ್ಣಿಟ್ಟು ನೋಡಿದ. ಮುಂದೆ ಬಂದ. ಬೇಲಿಯ ಹತ್ತಿರ ನಿಲ್ಲಲಿಲ್ಲ. ಹುಲ್ಲು ದಾಟಿದ, ರಸ್ತೆ ದಾಟಿದ. ಈಚೆ ಅಂಚಿನಲ್ಲಿ, ಮೇಲನ್‌ನ ಟಪಾಲು ಡಬ್ಬಿಯ ಬುಡದಲ್ಲಿ, ಕಿತ್ತಳೆ ಬಣ್ಣದ ಬಾವುಟದ ಗೂಟ ಹೊಡೆದ.

"ಗಡಿ ಇಲ್ಲಿ. ರಸ್ತೆ, ಹುಲ್ಲು ಎಲ್ಲಾ ಅಯೋವಾ."

ಕೆಸ್ಲರ್ ತೊಡೆ ತಟ್ಟಿದ. "ಕೇಳಿದೆಯಾ ಮೇಲನ್? ಹುಲ್ಲೂ ನಿಂದಲ್ಲ, ರಸ್ತೆನೂ ನಿಂದಲ್ಲ, ಟಪಾಲು ಡಬ್ಬೀದು ಅರ್ಧ ನಿಂದಲ್ಲ!"

ಮೇಲನ್ ಟೋಪಿಯನ್ನು ಆಕಾಶಕ್ಕೆ ಎಸೆದ. ಸಂಯಮಕ್ಕೆ ಹೆಸರಾದ ಆ ಮುದುಕ ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. "ಸೋತೆ! ದೇವರಿಗೆ ಸ್ತೋತ್ರ, ನಾನು ಸೋತೆ!" ಎಂದು ಕೂಗಿದ. ಗಂಡಸರೆಲ್ಲ ಹೋ ಎಂದರು.

ಕೆಸ್ಲರ್‌ನ ಮುಖ ಸಪ್ಪಗಾಯಿತು. "ಇದೇನಯ್ಯ ಅನ್ಯಾಯ! ಈ ದಿನ ನಿನ್ನ ಮುಖ ಬಾಡೋದನ್ನ ನೋಡಬೇಕು ಅಂತ ಇಷ್ಟು ವರ್ಷ ಕಾದೆ. ನೀನು ನೋಡಿದ್ರೆ ಮದುವೆ ಗಂಡಿನ ಥರ ನಗ್ತಿದೀಯ!"

"ನೀನು ಗೆದ್ದಿದೀಯ, ಬಾ, ತೊಲೆ ಹಿಡಿ. ಗೆದ್ದೋನೂ ಭಾರ ಹೊರಬೇಕು."

"ನನಗೆ ಬೆನ್ನುನೋವು."

"ಹೊತ್ತ ಮೇಲೆ ಒಳಗೆ ವರ್ನಾಗೆ ತೋರಿಸು."

ಈಲಮ್ ಕೈ ಎತ್ತಿದ. "ಒಂದು, ಎರಡು, ಎತ್ತಿ!" ಮರ ಒಮ್ಮೆ ನರಳಿತು. ಸಲೋಮಿಯ ಅಂಗಡಿ ನೆಲ ಬಿಟ್ಟಿತು.

ಅದು ಸರಿದುಹೋದ ಜಾಗದಲ್ಲಿ ಬಿಸಿಲು ಕಾಣದ ಬೋಳು ಮಣ್ಣು ಉಳಿಯಿತು. ಅದನ್ನು ನೋಡಲು ಮೇಲನ್ ಹೆದರಿದ್ದ. ಸಲೋಮಿಗೆ ಅಗೆದ ಗುಂಡಿಯನ್ನು ಎರಡನೆಯ ಸಲ ನೋಡಿದಂತಾದೀತು ಎಂದು. ನೋಡಿದರೆ ಮಣ್ಣು ಮಿನುಗುತ್ತಿತ್ತು. ಹಲಗೆಯ ಸಂದಿನಿಂದ ವರ್ಷಗಟ್ಟಲೆ ಜಾರಿ ಬಿದ್ದ ಗುಂಡುಸೂಜಿಗಳು, ಅಂಗಿಯ ಗುಂಡಿಗಳು. ನಡುವೆ, ಹೊಲಿಯುವಾಗ ಅವಳು ಬೆರಳಿಗೆ ತೊಡುತ್ತಿದ್ದ ಪುಟ್ಟ ತಗಡಿನ ಕವಚ. ಕಳೆದುಹೋಯಿತೆಂದು ಅವಳು ಮನೆಯನ್ನೆಲ್ಲ ತಲೆಕೆಳಗು ಮಾಡಿ ಹುಡುಕಿದ್ದಳು. ಅವನು ಬಗ್ಗಿ ಎತ್ತಿಕೊಂಡು ಕಿರುಬೆರಳಿಗೆ ತೊಟ್ಟ. ಅದು ಉಗುರಿನಿಂದ ಕೆಳಗಿಳಿಯಲಿಲ್ಲ.

"ದಾತ್, ಬನ್ನಿ!" ಎಂದು ಮಗ ಅಪ್ಪನನ್ನು ಕೂಗಿದ. ಮೇಲನ್ ಓಡಿದ. ಕೆಸ್ಲರ್‌ನ ಪಕ್ಕದಲ್ಲೇ ಜಾಗ ಸಿಕ್ಕಿತು.

ಕಿಟಕಿ, ಮಾಡು, ವರ್ನಾಳ ಬೋರ್ಡು ಸಮೇತ ದವಾಖಾನೆ ನಡೆಯಿತು. ಕೆಳಗೆ ಕಾಲುಗಳಷ್ಟೇ ಕಾಣುತ್ತಿದ್ದವು. ಕಿತ್ತಳೆ ಬಾವುಟ ದಾಟುವಾಗ ಯಾರೋ ಕೀರ್ತನೆ ಎತ್ತಿದರು, ಇನ್ನೂರು ಗಂಟಲುಗಳು ಸೇರಿಕೊಂಡವು.

"ನನ್ನ ಕಾಲು ತುಳೀತಿದೀಯಲ್ಲೋ!" ಎಂದ ಕೆಸ್ಲರ್.

"ನಿನ್ನ ರಾಜ್ಯದಲ್ಲಿ ನಿನ್ನ ಕಾಲು ಜೋಪಾನ ಮಾಡ್ಕೋ."

ಹುಲ್ಲಿನ ಪಟ್ಟಿಯ ಮೇಲೆ ಜೋಡಿಸಿಟ್ಟ ಕಲ್ಲುಗಳ ಮೇಲೆ ಕಟ್ಟಡ ಕೂತಿತು. ವರ್ನಾ ಮೆಟ್ಟಿಲು ಹತ್ತಿ ಬೀಗ ತೆಗೆದಳು. ಗೋಡೆಯಿಂದ ಒಂದು ಲೈಸೆನ್ಸನ್ನು ಇಳಿಸಿ ಇನ್ನೊಂದನ್ನು ತೂಗುಹಾಕಿದಳು. ಮೊದಲು ಒಳಗೆ ಹೋದವಳು ಲೊವೀನಾ. ಹೊರಗೆ ಎಲ್ಲರೂ ಬಾಗಿಲನ್ನೇ ನೋಡುತ್ತ ನಿಂತರು. ಕಡುಬಿನ ಕಡೆಗೂ ಯಾರೂ ಕೈ ಚಾಚಲಿಲ್ಲ.

ಬಾಗಿಲು ತೆರೆಯಿತು. ವರ್ನಾಳ ಕೈಯಲ್ಲಿ ಔಷಧಿ ಚೀಟಿ. "ಒತ್ತಡ ಏರಿದೆ, ಆದ್ರೆ ಹೊತ್ತು ಮೀರಿಲ್ಲ. ಈ ಮಾತ್ರೆ ಇವತ್ತೇ ಶುರು ಮಾಡಬೇಕು. ಮಗು ಚೆನ್ನಾಗಿದೆ." ಮೇಲನ್ ಚೀಟಿಯ ಕೆಳಗೆ ನೋಡಿದ. ಒಂದೇ ರುಜು ಇತ್ತು, ವರ್ನಾಳದು. ಮಸಿ ಇನ್ನೂ ಒಣಗಿರಲಿಲ್ಲ.

"ಇಷ್ಟೇ ಸಾಕಾ?"

"ಇಷ್ಟೇ ಸಾಕು," ಎಂದು ಅವಳು ಅಳುತ್ತ ನಕ್ಕಳು. "ಮುಂದಿನವರು ಯಾರು?"

ಕೆಸ್ಲರ್ ಸೊಂಟ ಹಿಡಿದುಕೊಂಡು ಒಳಗೆ ನುಗ್ಗಿದ.

ಲೊವೀನಾ ಆ ಹೇಮಂತದಲ್ಲಿ ಸುಖವಾಗಿ ಹೆತ್ತಳು. ಆದರೆ ಜಗಳ ಮುಗಿಯಿತೆಂದು ಯಾರೂ ತಿಳಿಯಬಾರದು. ಕಟ್ಟಡ ಸಾಗಿಸಿದ ಮರು ಸೋಮವಾರವೇ ಮೇಲನ್ ತನ್ನ ಕುದುರೆಯನ್ನು ಅದೇ ಹುಲ್ಲಿನಲ್ಲಿ ಕಟ್ಟಿ ದವಾಖಾನೆಯ ಕದಕ್ಕೆ ಎಣ್ಣೆ ಹಾಕುತ್ತಿದ್ದ.

"ಏಯ್! ಯಾರ ಹುಲ್ಲು ಅದು?" ಎಂದು ಕೆಸ್ಲರ್ ಬೇಲಿಯಾಚೆಯಿಂದ ಗುಡುಗಿದ.

"ನಿಂದೇ ಕಣೋ. ಸಾವಿರ ಸಲ ನಿಂದೇ. ದವಾಖಾನೆಗೆ ಬಂದೋರ ಕುದುರೆ ಮತ್ತೆಲ್ಲಿ ಕಟ್ಟೋದು?"

ಕೆಸ್ಲರ್ ಗೊಣಗುತ್ತ ಹೋದ. ತಿರುಗಿ ಬಂದಾಗ ಅವನ ಹೆಗಲ ಮೇಲೆ ಎರಡು ಕಂಬ, ಒಂದು ಅಡ್ಡಪಟ್ಟಿ ಇದ್ದವು. "ಹಿಡ್ಕೋ ಇತ್ತ," ಎಂದ. "ಕುದುರೆ ಕಟ್ಟೋ ಕಂಬ ನೆಟ್ಟಗೆ ನಿಲ್ಲಬೇಕು, ನೀನು ಹೇಳೋ ಗಡಿ ಥರ ಸೊಟ್ಟಗಲ್ಲ."

ಮೇಲನ್ ಕಂಬ ಹಿಡಿದ. ಅಂಗಿಯ ಜೇಬಿನಲ್ಲಿ ತಗಡಿನ ಕವಚ ಎದೆಗೆ ಒತ್ತುತ್ತಿತ್ತು.